ಮಹಾತ್ಮರನ್ನು ಹುಡುಕಿಕೊಂಡು ಬಂದ ಕರ್ನಲ್

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಮನೆಗೆ ಬಂದು ಕೇಳಿದರು. ಶಾಲೆಯ ಕಟ್ಟಡ, ಆಟದ ಮೈದಾನ, ಹಳೆಯ ಮುಖ್ಯೋಪಾಧ್ಯಾಯರು, ಇವುಗಳನ್ನೆಲ್ಲ ನೆನೆದು ಬರೆಯುವವರು ಬೇಕಾದಷ್ಟು ಜನರಿದ್ದಾರೆ. ನಾನು ತರಗತಿಯಲ್ಲಿ ಉಳಿಸಿಕೊಂಡಿದ್ದ ಒಂದು ಬಾಕಿಯನ್ನು ತೀರಿಸುತ್ತೇನೆಂದೆ.

ಈ ಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದಾಗ, ಸುಧಾರಣಾ ಚಳವಳಿಗಳ ಪಾಠ ಬಂದಾಗಲೆಲ್ಲ ಥಿಯಾಸಾಫಿಕಲ್ ಸೊಸೈಟಿಗೆ ಹತ್ತು ನಿಮಿಷ ಕೊಡುತ್ತಿದ್ದೆ. ಸ್ಥಾಪನೆ 1875, ಸ್ಥಳ ನ್ಯೂಯಾರ್ಕ್, ಸ್ಥಾಪಕರು ಮೇಡಂ ಬ್ಲಾವಟ್ಸ್ಕಿ ಮತ್ತು ಕರ್ನಲ್ ಆಲ್ಕಾಟ್, ಕೇಂದ್ರ ಮದ್ರಾಸಿನ ಅಡ್ಯಾರ್, ಮುಂದೆ ಆನಿ ಬೆಸೆಂಟ್. ಎರಡು ಅಂಕದ ಪ್ರಶ್ನೆಗೆ ಇಷ್ಟು ಸಾಕಾಗಿತ್ತು. ಒಂದು ವರ್ಷ ಕಿಟಕಿ ಪಕ್ಕದ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ಅಮೆರಿಕದವರು ನಮ್ಮ ಋಷಿಗಳನ್ನು ಹುಡುಕಿಕೊಂಡು ಅಷ್ಟು ದೂರದಿಂದ ಏಕೆ ಬಂದರು, ಅವರಿಗೆ ಋಷಿಗಳು ಸಿಕ್ಕಿದರೇ ಎಂದು ಕೇಳಿದಳು. ಅದು ಪಠ್ಯದಲ್ಲಿಲ್ಲ ಎಂದು ಹೇಳಿ ಕೂರಿಸಿದೆ. ಪಠ್ಯದಲ್ಲಿ ಇರಲಿಲ್ಲವೆಂಬುದು ನಿಜ. ಆದರೆ ನನಗೂ ಗೊತ್ತಿರಲಿಲ್ಲ ಎಂಬುದು ಅದಕ್ಕಿಂತ ದೊಡ್ಡ ನಿಜ. ನಿವೃತ್ತಿಯ ನಂತರ ಬಿಡುವಾಗಿ ಕೂತು ಆಲ್ಕಾಟರ ಬದುಕನ್ನು ಓದಿದೆ. ಓದಿದ್ದನ್ನು ಇಲ್ಲಿ ನನ್ನ ಮಾತಿನಲ್ಲಿ ಹೇಳುತ್ತೇನೆ.

ಹೆನ್ರಿ ಸ್ಟೀಲ್ ಆಲ್ಕಾಟ್ ಹುಟ್ಟಿದ್ದು 1832ರ ಆಗಸ್ಟ್ 2ರಂದು, ಅಮೆರಿಕದ ನ್ಯೂಜೆರ್ಸಿಯ ಆರೆಂಜ್ ಎಂಬ ಊರಿನಲ್ಲಿ. ಶ್ರದ್ಧಾವಂತ ಕ್ರೈಸ್ತ ಕುಟುಂಬ. ತಂದೆಯ ವ್ಯಾಪಾರ ಮುಳುಗಿದ್ದರಿಂದ ಕಾಲೇಜು ಅರ್ಧಕ್ಕೇ ನಿಂತಿತು. ಓಹಾಯೋ ಪ್ರಾಂತದ ಹೊಲಗಳಲ್ಲಿ ದುಡಿದು ಬೇಸಾಯ ಕಲಿತು, ಸಿಹಿಜೋಳದ ಬೆಳೆಯ ಮೇಲೆ ಪುಸ್ತಕ ಬರೆದು ಹೆಸರು ಮಾಡಿದರು. ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆಯ ಕೃಷಿ ವಿಭಾಗವನ್ನೂ ನೋಡಿಕೊಂಡರು. ಅಂತರ್ಯುದ್ಧ ಬಂದಾಗ ಸೇನೆ ಸೇರಿದರು. ಅಲ್ಲಿ ಅವರ ಹೆಸರು ನಿಂತದ್ದು ಯುದ್ಧಭೂಮಿಯಲ್ಲಲ್ಲ, ಲೆಕ್ಕಪತ್ರದಲ್ಲಿ. ಸೇನೆಗೆ ಸಾಮಾನು ಒದಗಿಸುವ ಗುತ್ತಿಗೆದಾರರು ಸರ್ಕಾರದ ದುಡ್ಡನ್ನು ನುಂಗುತ್ತಿದ್ದರು. ಅದನ್ನು ಪತ್ತೆ ಹಚ್ಚುವ ಕೆಲಸ ಇವರ ಪಾಲಿಗೆ ಬಂತು. ಒಬ್ಬೊಬ್ಬರನ್ನೇ ಹಿಡಿದು ಹಾಕಿದರು. ಕರ್ನಲ್ ಎಂಬ ಬಿರುದು ಬಂದದ್ದು ಆ ಕಾಲದಲ್ಲಿ. 1865ರಲ್ಲಿ ಅಧ್ಯಕ್ಷ ಲಿಂಕನ್ ಕೊಲೆಯಾದಾಗ ತನಿಖೆ ನಡೆಸಿದವರಲ್ಲಿ ಇವರೂ ಒಬ್ಬರು. ಆಮೇಲೆ ವಕೀಲರಾದರು. ಮೋಸವನ್ನು ಮೂಸಿ ನೋಡಿಯೇ ಹೇಳಬಲ್ಲ ಮನುಷ್ಯ ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಅದು ಬೇಕಾಗುತ್ತದೆ.

ಈಗ ಆ ಹುಡುಗಿಯ ಮೊದಲ ಪ್ರಶ್ನೆ: ಏಕೆ ಬಂದರು? ಅಮೆರಿಕದ ಆ ಯುದ್ಧದಲ್ಲಿ ಆರು ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತಿದ್ದರು. ಮಗನನ್ನೋ ಗಂಡನನ್ನೋ ಕಳೆದುಕೊಂಡವರು ಕತ್ತಲ ಕೋಣೆಯಲ್ಲಿ ಮೇಜಿನ ಸುತ್ತ ಕುಳಿತು ಸತ್ತವರೊಡನೆ ಮಾತನಾಡಲು ಹಂಬಲಿಸುತ್ತಿದ್ದರು. ಇನ್ನೊಂದು ಕಡೆ ಡಾರ್ವಿನ್ನನ ಪುಸ್ತಕ ಬಂದು, ಚರ್ಚಿನಲ್ಲಿ ಕಲಿತ ಸೃಷ್ಟಿಯ ಕಥೆ ಅಲುಗಾಡುತ್ತಿತ್ತು. ಅತ್ತ ಹಳೆಯ ನಂಬಿಕೆಯಲ್ಲಿ ನಿಲ್ಲಲಾರದೆ, ಇತ್ತ ಎಲ್ಲವೂ ಜಡವೆಂದು ಒಪ್ಪಲಾರದೆ ಇದ್ದ ಓದುಬಲ್ಲ ಜನ ಪೂರ್ವದ ಕಡೆ ಕಣ್ಣು ಹಾಯಿಸಿದರು. ಭಗವದ್ಗೀತೆ 1785ರಲ್ಲೇ ಇಂಗ್ಲಿಷಿಗೆ ಹೋಗಿತ್ತು. ಎಮರ್ಸನ್, ಥೋರೋ ಅದನ್ನು ಓದಿ ಮೆಚ್ಚಿದ್ದರು. ಕಳೆದುಹೋದ ವಿದ್ಯೆಯೊಂದು ಹಿಮಾಲಯದ ಗುಹೆಗಳಲ್ಲಿ ಸುರಕ್ಷಿತವಾಗಿದೆ, ಅದನ್ನು ಕಾಯುತ್ತಾ ಸಾವಿಲ್ಲದಂಥ ಋಷಿಗಳು ಕುಳಿತಿದ್ದಾರೆ ಎಂಬ ಕಲ್ಪನೆ ಅವರಿಗೆ ಹಿತವಾಗಿತ್ತು. ಅದು ನಮ್ಮ ದೇಶದ ಬಗ್ಗೆ ಹುಟ್ಟಿದ್ದಕ್ಕಿಂತ ಹೆಚ್ಚಾಗಿ ಅವರ ಕೊರತೆಯಿಂದ ಹುಟ್ಟಿದ ಕಲ್ಪನೆ ಎಂದೇ ನನ್ನ ಅಭಿಪ್ರಾಯ. ನಮ್ಮಲ್ಲಿ ಬರ, ಕಾಯಿಲೆ, ಸಾಲ ಏನಿದೆಯೆಂದು ಅವರಿಗೆ ತಿಳಿಯದು.

1874ರಲ್ಲಿ ಆಲ್ಕಾಟ್ ವರ್ಮಾಂಟ್ ಪ್ರಾಂತದ ಚಿಟೆಂಡೆನ್ ಎಂಬ ಹಳ್ಳಿಗೆ ಹೋದರು. ಎಡ್ಡಿ ಎಂಬ ಅಣ್ಣತಮ್ಮಂದಿರ ತೋಟದ ಮನೆಯಲ್ಲಿ ಪ್ರೇತಗಳು ಕಾಣಿಸಿಕೊಳ್ಳುತ್ತವೆ ಎಂಬ ಸುದ್ದಿ ಹರಡಿತ್ತು, ಪತ್ರಿಕೆಗೆ ಅದನ್ನು ವರದಿ ಮಾಡಬೇಕಿತ್ತು. ಅಲ್ಲಿ ಅಕ್ಟೋಬರ್ 14ರಂದು ಕೆಂಪು ಅಂಗಿ ತೊಟ್ಟ, ತಾನೇ ಸಿಗರೇಟು ಸುತ್ತಿಕೊಳ್ಳುತ್ತಿದ್ದ ದಢೂತಿ ರಷ್ಯನ್ ಹೆಂಗಸನ್ನು ಕಂಡರು. ಸಿಗರೇಟಿಗೆ ಬೆಂಕಿ ಹಚ್ಚಿಕೊಟ್ಟು ಪರಿಚಯ ಮಾಡಿಕೊಂಡರು. ಆಕೆಯೇ ಹೆಲೆನಾ ಬ್ಲಾವಟ್ಸ್ಕಿ. ಟಿಬೆಟ್ಟಿನಲ್ಲಿ ಗುರುಗಳ ಬಳಿ ಕಲಿತು ಬಂದವಳೆಂದು ಹೇಳಿಕೊಳ್ಳುತ್ತಿದ್ದಳು. ಮುಂದಿನ ವರ್ಷ ಇಬ್ಬರೂ ಕೆಲವು ಮಿತ್ರರೊಡನೆ ಸೊಸೈಟಿಯನ್ನು ಕಟ್ಟಿದರು. ಆಲ್ಕಾಟ್ ಅಧ್ಯಕ್ಷರಾದರು, ಸಾಯುವವರೆಗೂ ಅವರೇ ಅಧ್ಯಕ್ಷರು. 1876ರಲ್ಲಿ ಸೊಸೈಟಿಯ ಸದಸ್ಯನೊಬ್ಬ ತನ್ನ ಹೆಣವನ್ನು ಸುಡಬೇಕೆಂದು ಹೇಳಿ ಸತ್ತಾಗ, ಪೆನ್ಸಿಲ್ವೇನಿಯಾದ ವೈದ್ಯನೊಬ್ಬ ಕಟ್ಟಿಸಿದ್ದ ಚಿತಾಗಾರದಲ್ಲಿ ಆಲ್ಕಾಟ್ ಅದನ್ನು ನಡೆಸಿಕೊಟ್ಟರು. ಹೂಳುವುದೊಂದನ್ನೇ ಬಲ್ಲ ಆ ದೇಶದ ಪತ್ರಿಕೆಗಳಿಗೆ ಅದು ದೊಡ್ಡ ಸುದ್ದಿಯಾಯಿತು.

ಒಂದು ರಾತ್ರಿ ನ್ಯೂಯಾರ್ಕಿನ ಮನೆಯಲ್ಲಿ ಬಾಗಿಲು ಹಾಕಿಕೊಂಡು ಓದುತ್ತಿದ್ದಾಗ, ಬಿಳಿಯ ಉಡುಪಿನ ಎತ್ತರದ ಭಾರತೀಯನೊಬ್ಬ ಎದುರಿಗೆ ನಿಂತಿದ್ದನಂತೆ. ಮಾತನಾಡಿ, ತನ್ನ ತಲೆಯ ಪೇಟವನ್ನು ಗುರುತಿಗೆ ಬಿಟ್ಟು ಮಾಯವಾದನಂತೆ. ಇದನ್ನು ಆಲ್ಕಾಟರೇ ಬರೆದಿಟ್ಟಿದ್ದಾರೆ. ಪೇಟ ಅವರ ಕೈಯಲ್ಲಿತ್ತು. ಕೈಯಲ್ಲಿ ಬಟ್ಟೆಯಿರುವಾಗ ಕಂಡದ್ದು ಕನಸಾಗುವುದು ಹೇಗೆ ಎಂಬುದು ಅವರ ವಾದ. ನಲವತ್ತು ದಾಟಿದ ವಕೀಲ, ಹೆಂಡತಿಯಿಂದ ಬೇರೆಯಾದವರು, ಎರಡು ಗಂಡುಮಕ್ಕಳ ತಂದೆ. ಆ ಪೇಟವನ್ನು ನಂಬಿ ವಕೀಲಿ, ಊರು, ಮಕ್ಕಳು ಎಲ್ಲವನ್ನೂ ಬಿಟ್ಟು 1878ರ ಡಿಸೆಂಬರಿನಲ್ಲಿ ಹಡಗು ಹತ್ತಿದರು.

1879ರ ಫೆಬ್ರವರಿ 16ರಂದು ಮುಂಬಯಿಯಲ್ಲಿ ಇಳಿದು, ಬಂದರಿನ ಕಲ್ಲು ಮೆಟ್ಟಿಲಿಗೆ ಬಗ್ಗಿ ಮುತ್ತಿಟ್ಟರು. ಋಷಿಗಳ ನಾಡಿನಲ್ಲಿ ಮೊದಲು ಸಿಕ್ಕಿದ್ದೇನು? ಬಿಲ್ಲು! ಅವರನ್ನು ಬರಮಾಡಿಕೊಂಡ ಆತಿಥೇಯರು ಕೆಲವೇ ದಿನಗಳಲ್ಲಿ ಊಟ, ಬಾಡಿಗೆ, ಸ್ವಾಗತ ಸಭೆಯ ಕುರ್ಚಿಗಳ ಬಾಡಿಗೆ, ಕೊನೆಗೆ ಬೇಗ ಬನ್ನಿರೆಂದು ತಾವೇ ಕಳಿಸಿದ್ದ ತಂತಿಯ ಖರ್ಚನ್ನೂ ಸೇರಿಸಿ ದೊಡ್ಡ ಪಟ್ಟಿ ಕೊಟ್ಟರು. ಇದನ್ನು ಓದಿ ನಾನು ನಕ್ಕೆ, ಆಮೇಲೆ ನಾಚಿಕೆಯೂ ಆಯಿತು. ಬ್ಲಾವಟ್ಸ್ಕಿ ರಷ್ಯದವಳಾದ್ದರಿಂದ ಗೂಢಚಾರಳಿರಬೇಕೆಂದು ಬ್ರಿಟಿಷ್ ಪೊಲೀಸರು ಹಿಂದೆ ಬಿದ್ದರು. ಯಾರನ್ನು ಗುರುವೆಂದು ಭಾವಿಸಿ ಬಂದಿದ್ದರೋ ಆ ದಯಾನಂದ ಸರಸ್ವತಿಯವರೊಡನೆ ಮೂರು ವರ್ಷದಲ್ಲಿ ಸಂಬಂಧ ಮುರಿಯಿತು. ಎಲ್ಲ ಧರ್ಮಗಳೂ ಒಂದೇ ಜ್ಞಾನದ ಕವಲು ಎನ್ನುವವರಿಗೂ ವೇದವೇ ಪ್ರಮಾಣ ಎನ್ನುವವರಿಗೂ ಎಷ್ಟು ದಿನ ಹೊಂದಿಕೆಯಾದೀತು?

1882ರ ಕೊನೆಯಲ್ಲಿ ಅಡ್ಯಾರ್ ನದಿಯ ದಡದ ಇಪ್ಪತ್ತೇಳು ಎಕರೆ ತೋಟಕ್ಕೆ ಸೊಸೈಟಿ ಬಂದು ನೆಲೆಸಿತು. ಅಲ್ಲಿಯ ಮಹಡಿಯ ಕೋಣೆಯಲ್ಲಿ ಒಂದು ಬೀರು ಇತ್ತು. ಅದರೊಳಗೆ ಮಹಾತ್ಮರ ಪತ್ರಗಳು ತಾವಾಗಿಯೇ ಬಂದು ಬೀಳುತ್ತಿದ್ದವು ಎಂಬ ನಂಬಿಕೆಯಿತ್ತು. 1884ರಲ್ಲಿ ಇಬ್ಬರೂ ಯೂರೋಪಿನಲ್ಲಿದ್ದಾಗ, ಮನೆಯ ಉಸ್ತುವಾರಿ ನೋಡುತ್ತಿದ್ದ ಕೂಲಂಬ್ ದಂಪತಿಗಳು ಜಗಳವಾಡಿ ಹೊರಬಿದ್ದು, ಆ ಪತ್ರಗಳೆಲ್ಲ ಬ್ಲಾವಟ್ಸ್ಕಿಯ ಕೈಚಳಕ, ಬೀರುವಿಗೆ ಹಿಂದಿನಿಂದ ದಾರಿಯಿತ್ತು ಎಂದು ಸಾರಿದರು. ಆಕೆಯದೆನ್ನಲಾದ ಕಾಗದಗಳು ಮದ್ರಾಸಿನ ಪತ್ರಿಕೆಯಲ್ಲಿ ಅಚ್ಚಾದವು. ಲಂಡನ್ನಿನ ಸಂಶೋಧನಾ ಸಂಸ್ಥೆಯೊಂದು ರಿಚರ್ಡ್ ಹಾಜ್ಸನ್ ಎಂಬ ತರುಣನನ್ನು ಕಳಿಸಿತು. 1885ರ ವರದಿಯಲ್ಲಿ ಆಕೆ ವಂಚಕಿಯೆಂದೂ, ಆಲ್ಕಾಟ್ ಮೋಸಗಾರರಲ್ಲದಿದ್ದರೂ ಕಂಡದ್ದನ್ನೆಲ್ಲ ನಂಬುವವರೆಂದೂ ತೀರ್ಮಾನವಾಯಿತು. ನೂರು ವರ್ಷದ ಮೇಲೆ, 1986ರಲ್ಲಿ, ಅದೇ ಸಂಸ್ಥೆಯ ಸದಸ್ಯ ವರ್ನನ್ ಹ್ಯಾರಿಸನ್ ಆ ವರದಿಯೇ ಪಕ್ಷಪಾತದ್ದೆಂದು ಬರೆದರು. ಆ ಚರ್ಚೆ ಇರಲಿ. ನನ್ನನ್ನು ಕಾಡುವುದು ಬೇರೆ. ಗುತ್ತಿಗೆದಾರರ ಲೆಕ್ಕದಲ್ಲಿ ಒಂದು ಸುಳ್ಳನ್ನೂ ಬಿಡದವರು ತಮ್ಮ ಮನೆಯ ಬೀರುವಿನ ಹಿಂದೆ ಏಕೆ ಇಣುಕಲಿಲ್ಲ? ಇಣುಕಲು ಮನಸ್ಸಾಗಲಿಲ್ಲವೆಂದೇ ತೋರುತ್ತದೆ. ಇಣುಕಿ ಏನಾದರೂ ಕಂಡುಬಿಟ್ಟರೆ, ಬಿಟ್ಟುಬಂದ ಮಕ್ಕಳಿಗೆ ಏನು ಹೇಳುವುದು? ಹೀಗೆ ಯೋಚಿಸುವುದು ನಾನೂ ತಂದೆಯಾದ್ದರಿಂದ ಇರಬಹುದು.

ಬ್ಲಾವಟ್ಸ್ಕಿ ಕೋರ್ಟಿಗೆ ಹೋಗಬೇಕೆಂದಳು. ಕಾನೂನು ಬಲ್ಲ ಆಲ್ಕಾಟ್ ಅದಕ್ಕೆ ಒಪ್ಪಲಿಲ್ಲ. ಆಕೆ ಮುನಿಸಿಕೊಂಡೇ 1885ರಲ್ಲಿ ಹಡಗು ಹತ್ತಿದಳು, ಮತ್ತೆ ಭಾರತಕ್ಕೆ ಬರಲಿಲ್ಲ. 1891ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡಳು.

ಆಲ್ಕಾಟ್ ಹಿಂದಿರುಗಿ ಹೋಗಲಿಲ್ಲ. ನನಗೆ ಅವರ ಬಗ್ಗೆ ಗೌರವ ಹುಟ್ಟುವುದು ಇಲ್ಲಿಂದ. ಅಷ್ಟು ಹೊತ್ತಿಗೆ ಅವರಿಗೆ ಇನ್ನೊಂದು ಕೆಲಸ ಗಂಟುಬಿದ್ದಿತ್ತು. 1880ರ ಮೇ ತಿಂಗಳಲ್ಲಿ ಸಿಂಹಳಕ್ಕೆ ಹೋಗಿ ಗಾಲೆಯಲ್ಲಿ ಪಂಚಶೀಲ ಸ್ವೀಕರಿಸಿ ಬೌದ್ಧರಾಗಿದ್ದರು. ಅಲ್ಲಿ ಶಾಲೆಗಳೆಂದರೆ ಹೆಚ್ಚಿನವು ಮಿಷನರಿಗಳವು. ಬೌದ್ಧರ ಮಕ್ಕಳಿಗೆ ತಮ್ಮ ಧರ್ಮವನ್ನು ಹೇಳಿಕೊಡುವ ಶಾಲೆ ಬೆರಳೆಣಿಕೆಯಷ್ಟೂ ಇರಲಿಲ್ಲ. ಹಣ ಕೂಡಿಸಲು ತಾವೇ ನಕ್ಷೆ ಹಾಕಿ ಒಂದು ಎತ್ತಿನ ಗಾಡಿ ಮಾಡಿಸಿದರು. ಅದರೊಳಗೇ ಮಲಗುವುದಕ್ಕೆ ಜಾಗ, ಸಾಮಾನಿಗೆ ಪೆಟ್ಟಿಗೆ. ಅದರಲ್ಲಿ ಊರೂರು ಸುತ್ತಿದರು. ಭಾಷೆ ಬಾರದು, ಇಂಗ್ಲಿಷಿನಲ್ಲಿ ಹೇಳಿದ್ದನ್ನು ಇನ್ನೊಬ್ಬರು ಸಿಂಹಳಕ್ಕೆ ತಿರುಗಿಸುತ್ತಿದ್ದರು. 1881ರಲ್ಲಿ ಬೌದ್ಧ ಧರ್ಮವನ್ನು ಮಕ್ಕಳಿಗೆ ಪ್ರಶ್ನೋತ್ತರ ರೂಪದಲ್ಲಿ ತಿಳಿಸುವ ಪುಸ್ತಕ ಬರೆದರು. ಪ್ರಶ್ನೋತ್ತರದ ಕ್ರಮವನ್ನು ಮಿಷನರಿಗಳಿಂದಲೇ ತೆಗೆದುಕೊಂಡದ್ದು. ಹಳ್ಳಿಯ ಬೌದ್ಧನಿಗೆ ಬೌದ್ಧ ಧರ್ಮವೇನೆಂದು ಅಮೆರಿಕದವನು ಹೇಳಿಕೊಡುವುದರಲ್ಲಿ ಒಂದು ಠೀವಿ ಇದೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಮುಂದೆ ಬುದ್ಧನ ದಂತದ ವಿಷಯದಲ್ಲಿ ಸಂದೇಹ ಎತ್ತಿ, ತಾವೇ ಬೆಳೆಸಿದ ಅನಾಗಾರಿಕ ಧರ್ಮಪಾಲರ ಕೋಪಕ್ಕೂ ಗುರಿಯಾದರು. ಆದರೆ ಶಾಲೆಗಳು ಎದ್ದವು. 1886ರಲ್ಲಿ ಕೊಲಂಬೊದಲ್ಲಿ ಶುರುವಾದ ಶಾಲೆಯೇ ಇಂದಿನ ಆನಂದ ಕಾಲೇಜು. ಅವರ ಕಾಲದಲ್ಲೇ ಅಂಥ ಶಾಲೆಗಳು ನೂರನ್ನು ಮೀರಿದವು. ಬುದ್ಧ ಪೂರ್ಣಿಮೆಗೆ ಸಿಂಹಳದಲ್ಲಿ ಸರ್ಕಾರಿ ರಜೆ ಸಿಕ್ಕಿದ್ದು 1885ರಲ್ಲಿ, ಇವರು ಲಂಡನ್ನಿಗೆ ಹೋಗಿ ಮನವಿ ಕೊಟ್ಟು ಬಂದ ಮೇಲೆ.

ಅಡ್ಯಾರಿನಲ್ಲಿ 1886ರಲ್ಲಿ ಗ್ರಂಥಾಲಯ ತೆರೆದು ಓಲೆಗರಿಗಳನ್ನು ಕೂಡಿಹಾಕಿದರು. ಅದು ಇಂದಿಗೂ ವಿದ್ವಾಂಸರಿಗೆ ಬೇಕಾದ ಜಾಗ. ಆದರೆ ಆ ತೋಟದ ಆಚೆಗೇ ಇದ್ದ ಕೇರಿಗಳ ಮಕ್ಕಳನ್ನು ಯಾವ ಪಂಡಿತರೂ ಹತ್ತಿರಕ್ಕೆ ಸೇರಿಸುತ್ತಿರಲಿಲ್ಲ. ಪಂಚಮರು ಎಂದು ಹೊರಗಿಟ್ಟಿದ್ದ ಆ ಮಕ್ಕಳಿಗಾಗಿ 1894ರಲ್ಲಿ ಆಲ್ಕಾಟ್ ಉಚಿತ ಶಾಲೆ ತೆರೆದರು. ಆಮೇಲೆ ಇನ್ನೂ ಕೆಲವು ಶಾಲೆಗಳಾದವು. ಪ್ರಾಚೀನ ಜ್ಞಾನದ ನಾಡು ಎಂದು ಮೆಟ್ಟಿಲಿಗೆ ಮುತ್ತಿಟ್ಟವರಿಗೆ ಅದೇ ನಾಡು ಯಾರಿಗೆ ಅಕ್ಷರ ಕೊಡಲಿಲ್ಲ ಎಂಬುದು ಕಾಣಲು ಹದಿನೈದು ವರ್ಷ ಬೇಕಾಯಿತು. ಇಲ್ಲೇ ಹುಟ್ಟಿದ ಎಷ್ಟೋ ಜನರಿಗೆ ಅಷ್ಟು ವರ್ಷದಲ್ಲೂ ಕಾಣಲಿಲ್ಲ.

1898ರಲ್ಲಿ ಸಿದ್ಧ ವೈದ್ಯ ಪಂಡಿತ ಅಯೋತಿ ದಾಸರು ಇವರ ನೆರವಿನಿಂದ ಸಿಂಹಳಕ್ಕೆ ಹೋಗಿ ಬೌದ್ಧರಾಗಿ ಬಂದು, ಮದ್ರಾಸಿನಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದರು. ಅದರ ಶಾಖೆ ನಮ್ಮ ಕೋಲಾರದ ಚಿನ್ನದ ಗಣಿಯ ಕಾರ್ಮಿಕರ ನಡುವೆಯೂ ಬೆಳೆಯಿತು. ಅಂಬೇಡ್ಕರರು ದೀಕ್ಷೆ ತೆಗೆದುಕೊಳ್ಳುವುದಕ್ಕೆ ಅರ್ಧ ಶತಮಾನ ಮೊದಲೇ ಇದು ನಡೆದಿತ್ತು. ಇಷ್ಟು ಹತ್ತಿರದ ಸಂಗತಿಯನ್ನೂ ನಾನು ತರಗತಿಯಲ್ಲಿ ಒಂದು ದಿನ ಹೇಳಲಿಲ್ಲ.

1906ರಲ್ಲಿ ಹಡಗಿನ ಮೆಟ್ಟಿಲಲ್ಲಿ ಬಿದ್ದು ಹಾಸಿಗೆ ಹಿಡಿದರು. 1907ರ ಫೆಬ್ರವರಿ 17ರಂದು ಅಡ್ಯಾರಿನಲ್ಲಿ ತೀರಿಕೊಂಡರು. ಕೊನೆಯ ದಿನಗಳಲ್ಲಿ ಮಹಾತ್ಮರು ಹಾಸಿಗೆಯ ಬಳಿ ಬಂದು, ತಮ್ಮ ನಂತರ ಆನಿ ಬೆಸೆಂಟ್ ಅಧ್ಯಕ್ಷೆಯಾಗಲಿ ಎಂದು ತಿಳಿಸಿದರೆಂದು ಅವರು ಸಾರಿದರು. ಅದಕ್ಕೂ ಜಗಳವಾಯಿತು. ದೇಹದ ಮೇಲೆ ಅಮೆರಿಕದ ಬಾವುಟವನ್ನೂ ಬೌದ್ಧ ಧ್ವಜವನ್ನೂ ಹೊದಿಸಿ, ಆ ತೋಟದಲ್ಲೇ ಗಂಧದ ಕಟ್ಟಿಗೆಯ ಚಿತೆಯಲ್ಲಿ ಸುಟ್ಟರು.

ಋಷಿಗಳು ಸಿಕ್ಕಿದರೇ ಎಂಬ ಪ್ರಶ್ನೆಗೆ, ಸಿಕ್ಕಿದರೆಂದೇ ಅವರು ಕೊನೆಯವರೆಗೂ ನಂಬಿದ್ದರು ಎಂದಷ್ಟೇ ನಾನು ಹೇಳಬಲ್ಲೆ. ನನಗೆ ನಂಬಿಕೆಯಿಲ್ಲ.

ಎರಡು ವರ್ಷದ ಹಿಂದೆ ಚೆನ್ನೈಗೆ ಹೋಗಿದ್ದಾಗ ಬೆಸೆಂಟ್ ನಗರದಲ್ಲಿ ಅವರ ಹೆಸರಿನ ಶಾಲೆಯನ್ನು ಹುಡುಕಿಕೊಂಡು ಹೋದೆ. ಈಗಲೂ ಅಲ್ಲಿ ಬಡವರ ಮಕ್ಕಳಿಗೆ ಉಚಿತವಾಗಿ ಪಾಠ ನಡೆಯುತ್ತದೆ. ಒಳಗೆ ಹೋಗಲು ಸಂಕೋಚವಾಗಿ ಗೇಟಿನ ಹೊರಗೇ ನಿಂತೆ. ಗಂಟೆ ಹೊಡೆಯಿತು. ಸಮವಸ್ತ್ರದ ಮಕ್ಕಳು ಒಬ್ಬರನ್ನೊಬ್ಬರು ತಳ್ಳಿಕೊಂಡು ಓಡಿ ಬಂದರು. ಒಬ್ಬ ಹುಡುಗ ನನ್ನನ್ನು ನೋಡಿ, ಯಾರದೋ ತಾತನಿರಬೇಕೆಂದು ತಮಿಳಿನಲ್ಲಿ ಏನೋ ಕೇಳಿದ. ಭಾಷೆ ಬಾರದೆ ನಾನು ತಲೆಯಾಡಿಸಿದೆ. ಅವನು ಒಳಗೆ ಕೈ ತೋರಿಸಿ, ತನ್ನ ಪಾಡಿಗೆ ಓಡಿಹೋದ.