ಸಾಲದ ಕುಲುಮೆಯಿಂದ ಜಗತ್ತಿನ ಜೇಬಿಗೆ: ಕಿಸೆಚಾಕುವಿನ ಶಿಲ್ಪಿ ಕಾರ್ಲ್ ಎಲ್ಸೆನರ್

ಕೀಲಿಗೊಂಚಲಿನಲ್ಲಿ ನೇತಾಡುವ ಪುಟ್ಟ ಕೆಂಪು ಚಾಕುವನ್ನು ನೋಡದ ನಗರವಾಸಿಗಳು ವಿರಳ. ಪಾರ್ಸೆಲ್ಲಿನ ಅಂಟುಪಟ್ಟಿ ಕತ್ತರಿಸಲು, ಸೇಬು ಹೆಚ್ಚಲು, ಸಡಿಲಗೊಂಡ ತಿರುಪು ಬಿಗಿಗೊಳಿಸಲು, ಪ್ರಯಾಣದಲ್ಲಿ ಡಬ್ಬಿಯ ಮುಚ್ಚಳ ತೆರೆಯಲು ಅದು ನೆರವಾಗುತ್ತದೆ. ಮಡಚಿದರೆ ಅಂಗೈಯಲ್ಲಿ ಅಡಗುವ, ಬಿಡಿಸಿದರೆ ಒಂದು ಸಣ್ಣ ಕಾರ್ಯಾಗಾರವೇ ಆಗುವ ಈ ಸಾಧನವನ್ನು ಜಗತ್ತು ಸ್ವಿಸ್ ಆರ್ಮಿ ನೈಫ್ ಎಂಬ ಹೆಸರಿನಿಂದ ಗುರುತಿಸುತ್ತದೆ.

ಹೆಸರಿನಲ್ಲಿ ಸೇನೆ ಇದ್ದರೂ ಈ ಚಾಕುವಿನ ಕಥೆ ಯುದ್ಧದ್ದಲ್ಲ. ಊರಿನ ಯುವಕರಿಗೆ ಊರಿನಲ್ಲಿಯೇ ಕೆಲಸ ದೊರೆಯಬೇಕೆಂದು ಹೊರಟು, ಅದಕ್ಕಾಗಿ ತನ್ನ ಆಸ್ತಿಯನ್ನೆಲ್ಲ ಕಳೆದುಕೊಂಡು, ದಿವಾಳಿಯ ಅಂಚಿನಿಂದ ಮರಳಿ ಬಂದ ಒಬ್ಬ ಕಸುಬುದಾರನ ಕಥೆ ಅದು. ಆ ಕಸುಬುದಾರನೇ ಕಾರ್ಲ್ ಎಲ್ಸೆನರ್.

ಟೋಪಿ ಬಿಟ್ಟು ಚಾಕು ಹಿಡಿದ ಮಗ

ಸ್ವಿಟ್ಜರ್ಲೆಂಡ್‌ನ ಹೃದಯಭಾಗದಲ್ಲಿ ಶ್ವಿಟ್ಸ್ ಎಂಬ ಪ್ರಾಂತ್ಯವಿದೆ. ದೇಶಕ್ಕೆ ಹೆಸರು ಬಂದಿರುವುದೇ ಈ ಪ್ರಾಂತ್ಯದಿಂದ. ಕಾರ್ಲ್ ಎಲ್ಸೆನರ್ ಜನಿಸಿದ್ದು ಇಲ್ಲಿಯೇ, 1860ರ ಅಕ್ಟೋಬರ್ 9ರಂದು. ತಂದೆ ಬಾಲ್ತಸಾರ್ ಎಲ್ಸೆನರ್ ಟೋಪಿ ತಯಾರಕರು. ತಾಯಿ ವಿಕ್ಟೋರಿಯಾ. ನೆರೆಯ ತ್ಸೂಗ್ ಪಟ್ಟಣದಲ್ಲಿ ಕುಟುಂಬದ ಟೋಪಿ ಅಂಗಡಿಯಿತ್ತು.

ಇಂದು ಬ್ಯಾಂಕು, ಗಡಿಯಾರ ಮತ್ತು ಪ್ರವಾಸೋದ್ಯಮಗಳಿಂದ ಸಿರಿವಂತ ರಾಷ್ಟ್ರವೆನಿಸಿರುವ ಸ್ವಿಟ್ಜರ್ಲೆಂಡ್ ಆ ಕಾಲದಲ್ಲಿ ಹೀಗಿರಲಿಲ್ಲ. ಪರ್ವತ ಕಣಿವೆಗಳ ಸಾಗುವಳಿ ಭೂಮಿ ಬೆಳೆಯುತ್ತಿದ್ದ ಕುಟುಂಬಗಳಿಗೆ ಸಾಲುತ್ತಿರಲಿಲ್ಲ. ಶ್ವಿಟ್ಸ್‌ನಂತಹ ಕೃಷಿಪ್ರಧಾನ ಪ್ರಾಂತ್ಯಗಳಲ್ಲಿ ಕೈಗಾರಿಕೆ ಅತ್ಯಲ್ಪ. ಬದುಕು ಅರಸಿ ಅಮೆರಿಕಕ್ಕೆ ಹಡಗು ಹತ್ತುವುದು ಅನೇಕ ಯುವಕರಿಗೆ ಉಳಿದಿದ್ದ ದಾರಿಯಾಗಿತ್ತು.

ಕಾರ್ಲ್ ತಂದೆಯ ಟೋಪಿ ವ್ಯವಹಾರವನ್ನು ಮುಂದುವರಿಸಲಿಲ್ಲ. ಬದಲಾಗಿ ಚಾಕು ತಯಾರಿಕೆಯ ಕಸುಬನ್ನು ಕಲಿತರು. ಅಂದಿನ ಯುರೋಪಿನ ರೂಢಿಯಂತೆ, ಕಲಿಕೆ ಮುಗಿಸಿದ ಯುವ ಕಸುಬುದಾರ ಊರೂರು ಸುತ್ತಿ ಬೇರೆ ಬೇರೆ ಗುರುಗಳ ಬಳಿ ದುಡಿದು ಪಳಗಬೇಕಿತ್ತು. ಕಾರ್ಲ್ ಕೂಡ ಪ್ಯಾರಿಸ್‌ನಲ್ಲಿ ಹಾಗೂ ದಕ್ಷಿಣ ಜರ್ಮನಿಯ ಟುಟ್ಲಿಂಗೆನ್‌ನಲ್ಲಿ ಕೆಲಸ ಮಾಡಿದರು. ಟುಟ್ಲಿಂಗೆನ್ ಶಸ್ತ್ರಚಿಕಿತ್ಸಾ ಉಪಕರಣಗಳಿಗೆ ಹೆಸರಾದ ಪಟ್ಟಣ. ಕೂದಲೆಳೆಯಷ್ಟೂ ವ್ಯತ್ಯಾಸ ಸಹಿಸದ ಉಕ್ಕಿನ ಕೆಲಸದ ನಡುವೆ ಅವರ ಕೈ ಪಳಗಿತು.

ತೊರೆಯ ದಡದ ಕಾರ್ಯಾಗಾರ

ವಿದೇಶದಲ್ಲಿಯೇ ನೆಲೆಸದೆ ತಾಯ್ನಾಡಿಗೆ ಮರಳಿದ ಎಲ್ಸೆನರ್, 1884ರಲ್ಲಿ ಶ್ವಿಟ್ಸ್ ಪಟ್ಟಣಕ್ಕೆ ಹೊಂದಿಕೊಂಡಂತಿರುವ ಇಬಾಖ್ ಎಂಬ ಹಳ್ಳಿಯಲ್ಲಿ ತಮ್ಮದೇ ಕಾರ್ಯಾಗಾರ ತೆರೆದರು. ಆಗ ಅವರ ವಯಸ್ಸು ಇಪ್ಪತ್ತನಾಲ್ಕು ವರ್ಷವೂ ಪೂರ್ಣವಾಗಿರಲಿಲ್ಲ. ತಾಯಿ ವಿಕ್ಟೋರಿಯಾ ಮಗನ ಬೆನ್ನಿಗೆ ನಿಂತರು.

ಕಾರ್ಯಾಗಾರದ ಪಕ್ಕದಲ್ಲಿ ಟೋಬೆಲ್‌ಬಾಖ್ ಎಂಬ ತೊರೆ ಹರಿಯುತ್ತಿತ್ತು. ಅದರ ನೀರು ಜಲಚಕ್ರವನ್ನು ತಿರುಗಿಸುತ್ತಿತ್ತು. ಆ ಚಕ್ರದ ಬಲದಿಂದ ಸಾಣೆಗಲ್ಲು ಮತ್ತು ಹೊಳಪು ಕೊಡುವ ಯಂತ್ರಗಳು ನಡೆಯುತ್ತಿದ್ದವು. ಉಳಿದದ್ದೆಲ್ಲ ಕೈಕೆಲಸ. ಅಡುಗೆಮನೆಯ ಚಾಕು, ಕ್ಷೌರದ ಕತ್ತಿ, ಶಸ್ತ್ರಚಿಕಿತ್ಸೆಯ ಉಪಕರಣಗಳು ಇಲ್ಲಿ ತಯಾರಾಗುತ್ತಿದ್ದವು.

ಜರ್ಮನಿಯಿಂದ ಬಂದ ಸೈನಿಕರ ಚಾಕು

ಇದೇ ಸಮಯದಲ್ಲಿ ಸ್ವಿಸ್ ಸೇನೆಯಲ್ಲಿ ಬದಲಾವಣೆಯೊಂದು ನಡೆಯಿತು. 1889ರಲ್ಲಿ ಶ್ಮಿಟ್-ರುಬಿನ್ ಎಂಬ ಹೊಸ ಬಂದೂಕು ಬಳಕೆಗೆ ಬಂದಿತು. ಅದನ್ನು ಬಿಚ್ಚಿ ಶುಚಿಗೊಳಿಸಲು ಪ್ರತಿ ಸೈನಿಕನಿಗೂ ಸ್ಕ್ರೂಡ್ರೈವರ್ ಬೇಕಿತ್ತು. ಡಬ್ಬಿಗಳಲ್ಲಿ ಮೊಹರು ಮಾಡಿದ ಆಹಾರವನ್ನು ತೆರೆಯಲು ಇನ್ನೊಂದು ಸಾಧನ ಅಗತ್ಯವಾಗಿತ್ತು. ಇವೆಲ್ಲವನ್ನೂ ಬಿಡಿಬಿಡಿಯಾಗಿ ಹೊರುವ ಬದಲು, ಒಂದೇ ಮಡಚುವ ಚಾಕುವಿನಲ್ಲಿ ಅಡಕಗೊಳಿಸಲು ಸೇನೆ ನಿರ್ಧರಿಸಿತು.

1890ರ ಮಾದರಿ ಎಂದು ಹೆಸರು ಪಡೆದ ಆ ಚಾಕುವಿನಲ್ಲಿ ನಾಲ್ಕು ಸಾಧನಗಳಿದ್ದವು: ಒಂದು ಅಲಗು, ಒಂದು ಸ್ಕ್ರೂಡ್ರೈವರ್, ಡಬ್ಬಿ ತೆರೆಯುವ ಕೊಕ್ಕೆ ಹಾಗೂ ತೊಗಲಿಗೆ ತೂತು ಕೊರೆಯುವ ಮೊನೆ. ಹಿಡಿಯನ್ನು ಕಪ್ಪುಬಣ್ಣದ ಓಕ್ ಮರದಿಂದ ಮಾಡಲಾಗುತ್ತಿತ್ತು.

ಆದರೆ ಸಾವಿರಾರು ಚಾಕುಗಳನ್ನು ಒಟ್ಟಿಗೆ ತಯಾರಿಸಿಕೊಡಬಲ್ಲ ಕಾರ್ಖಾನೆ ಅಂದು ಸ್ವಿಟ್ಜರ್ಲೆಂಡ್‌ನಲ್ಲಿ ಇರಲಿಲ್ಲ. ಹೀಗಾಗಿ ಮೊದಲ 15,000 ಚಾಕುಗಳ ಬೇಡಿಕೆ ಜರ್ಮನಿಯ ಸೋಲಿಂಗನ್ ನಗರದ ಕಂಪನಿಯೊಂದಕ್ಕೆ ಹೋಯಿತು. ಸ್ವಿಸ್ ಸೈನಿಕನ ಜೇಬಿನ ಚಾಕು ಪರದೇಶದಿಂದ ಬರುವಂತಾಯಿತು.

ಎಲ್ಸೆನರ್ ಅವರಿಗೆ ಇದು ಒಪ್ಪಿಗೆಯಾಗಲಿಲ್ಲ. ದೇಶದ ಹಣ ಹೊರಗೆ ಹರಿಯುವಾಗ, ಅದೇ ದೇಶದ ಯುವಕರು ಕೆಲಸವಿಲ್ಲದೆ ಹಡಗು ಹತ್ತುತ್ತಿದ್ದರು. ಒಬ್ಬ ಕಸುಬುದಾರನಿಂದ ಸಾಧ್ಯವಾಗದ್ದು ಹಲವರು ಕೂಡಿದರೆ ಸಾಧ್ಯವಾದೀತೆಂದು ಅವರು ಇತರ ಚಾಕು ತಯಾರಕರನ್ನು ಒಗ್ಗೂಡಿಸಿ ಸ್ವಿಸ್ ಚಾಕು ತಯಾರಕರ ಸಂಘವನ್ನು ಕಟ್ಟಿದರು. ಬೇಡಿಕೆಯನ್ನು ಹಂಚಿಕೊಂಡು ಪೂರೈಸುವುದು ಸಂಘದ ಉದ್ದೇಶ. 1891ರಲ್ಲಿ ಸ್ವದೇಶದಲ್ಲಿಯೇ ತಯಾರಾದ ಸೈನಿಕ ಚಾಕುಗಳು ಸೇನೆಯ ಕೈಸೇರಿದವು.

ಕೈಬಿಟ್ಟ ಜೊತೆಗಾರರು, ಬೆಳೆದ ಸಾಲ

ಸಂಭ್ರಮ ಬಹುಕಾಲ ಉಳಿಯಲಿಲ್ಲ. ಸೋಲಿಂಗನ್‌ನ ಕಾರ್ಖಾನೆಗಳು ಯಂತ್ರಗಳನ್ನು ಅಳವಡಿಸಿಕೊಂಡಿದ್ದವು. ಅಲ್ಲಿ ತಯಾರಾದ ಚಾಕು, ಇಬಾಖ್‌ನ ಕೈಕೆಲಸದ ಚಾಕುವಿಗಿಂತ ಅಗ್ಗವಾಗಿತ್ತು. ಆ ಬೆಲೆಗೆ ಚಾಕು ಕೊಡಲು ಹೋದರೆ ನಷ್ಟ, ಕೊಡದಿದ್ದರೆ ಬೇಡಿಕೆಯೇ ಇಲ್ಲ. ಸಂಘದ ಸದಸ್ಯರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಕೊನೆಗೆ ಉಳಿದವರು ಎಲ್ಸೆನರ್ ಒಬ್ಬರೇ.

ಅವರು ಹಟ ಬಿಡಲಿಲ್ಲ. ನಷ್ಟವನ್ನು ಹೊತ್ತುಕೊಂಡು ಪೂರೈಕೆ ಮುಂದುವರಿಸಿದರು. ಅದರ ಫಲವಾಗಿ ಕೂಡಿಟ್ಟ ಹಣವೆಲ್ಲ ಕರಗಿತು, ಸಾಲ ಬೆಳೆಯಿತು. ಕಾರ್ಯಾಗಾರ ಮುಚ್ಚುವ ಸ್ಥಿತಿ ಬಂದಾಗ ಬಂಧುಗಳು ಕೈಹಿಡಿದರು. ಸಾಲ ಕೊಟ್ಟವರು ತಾಳ್ಮೆ ತೋರಿದರು. ಆ ದಿನ ಸಾಲಿಗರು ಬಾಗಿಲಿಗೆ ಬಂದು ಕುಳಿತಿದ್ದರೆ ಇಂದಿನ ಕೆಂಪು ಚಾಕು ಹುಟ್ಟುತ್ತಲೇ ಇರಲಿಲ್ಲ.

ಎರಡು ಸ್ಪ್ರಿಂಗ್, ಆರು ಸಾಧನ

ಸೇನೆಯ ಬೇಡಿಕೆಯೊಂದನ್ನೇ ನಂಬಿ ಕುಳಿತರೆ ಉಳಿಗಾಲವಿಲ್ಲವೆಂಬುದು ಸ್ಪಷ್ಟವಾಗಿತ್ತು. ಎಲ್ಸೆನರ್ ಈಗ ಸಾಮಾನ್ಯ ಜನರ ಜೇಬಿನತ್ತ ತಿರುಗಿದರು. ವಿದ್ಯಾರ್ಥಿಗಳಿಗೊಂದು, ಸೈನಿಕ ತರಬೇತಿ ಪಡೆಯುವ ಕಿರಿಯರಿಗೊಂದು, ರೈತರಿಗೊಂದು ಎಂಬಂತೆ ಅವರವರ ಕೆಲಸಕ್ಕೆ ಒಪ್ಪುವ ಕಿಸೆಚಾಕುಗಳನ್ನು ರೂಪಿಸಿದರು.

ಸೈನಿಕರ ಚಾಕು ಗಟ್ಟಿಮುಟ್ಟಾಗಿತ್ತು. ಆದರೆ ಅದು ತೂಕದ ವಸ್ತು, ದಿನವಿಡೀ ಜೇಬಿನಲ್ಲಿ ಇರಿಸಿಕೊಳ್ಳಲು ಹಿತವೆನಿಸುತ್ತಿರಲಿಲ್ಲ. ಸಾಧನಗಳನ್ನು ಹೆಚ್ಚಿಸಿದರೆ ಚಾಕು ಇನ್ನಷ್ಟು ದಪ್ಪವಾಗುತ್ತಿತ್ತು. ಹೆಚ್ಚು ಉಪಯೋಗ, ಕಡಿಮೆ ತೂಕ ಎಂಬ ಈ ಪರಸ್ಪರ ವಿರುದ್ಧ ಬೇಡಿಕೆಗಳನ್ನು ಹೊಂದಿಸುವುದೇ ಸವಾಲಾಗಿತ್ತು.

ಪರಿಹಾರ ದೊರೆತದ್ದು ಚಾಕುವಿನ ಬೆನ್ನಿನಲ್ಲಿ. ಮಡಚುವ ಚಾಕುವಿನ ಹಿಡಿಯೊಳಗೆ ಉಕ್ಕಿನ ಪಟ್ಟಿಯಂತಹ ಸ್ಪ್ರಿಂಗ್ ಇರುತ್ತದೆ. ಅದು ಅಲಗಿನ ಬುಡವನ್ನು ಒತ್ತಿ ಹಿಡಿಯುವುದರಿಂದಲೇ ತೆರೆದ ಅಲಗು ಸುಲಭವಾಗಿ ಮಡಚಿಕೊಳ್ಳುವುದಿಲ್ಲ, ಮಡಚಿದ ಅಲಗು ತಾನಾಗಿ ತೆರೆದುಕೊಳ್ಳುವುದಿಲ್ಲ. ಹಿಡಿಯ ಹಿಂಬದಿಯಲ್ಲಿಯೂ ಸಾಧನಗಳನ್ನು ಜೋಡಿಸಿ, ಮುಂಬದಿಯ ಅಲಗನ್ನು ಹಿಡಿಯುವ ಅದೇ ಸ್ಪ್ರಿಂಗ್ ಅವುಗಳನ್ನೂ ಹಿಡಿಯುವಂತೆ ಎಲ್ಸೆನರ್ ವಿನ್ಯಾಸಗೊಳಿಸಿದರು. ಹೀಗೆ ಕೇವಲ ಎರಡು ಸ್ಪ್ರಿಂಗ್‌ಗಳು ಆರು ಸಾಧನಗಳನ್ನು ನಿರ್ವಹಿಸಿದವು. ಸೈನಿಕ ಚಾಕುವಿನ ನಾಲ್ಕು ಸಾಧನಗಳ ಜೊತೆಗೆ ಸೇರಿಕೊಂಡವು ಎರಡು: ಒಂದು ಚಿಕ್ಕ ಅಲಗು, ಇನ್ನೊಂದು ಬಾಟಲಿಯ ಬಿರಡೆ ಕೀಳುವ ಸುರುಳಿ. ಇಷ್ಟಾದರೂ ಚಾಕು ಮೊದಲಿಗಿಂತ ಹಗುರವಾಗಿತ್ತು.

1897ರ ಜೂನ್ 12ರಂದು ಅಧಿಕಾರಿಗಳ ಮತ್ತು ಕ್ರೀಡಾ ಚಾಕು ಎಂಬ ಹೆಸರಿನಲ್ಲಿ ಈ ವಿನ್ಯಾಸಕ್ಕೆ ಕಾನೂನುಬದ್ಧ ರಕ್ಷಣೆ ದೊರೆಯಿತು.

ಹೆಸರಿನಲ್ಲಿ ಅಧಿಕಾರಿಗಳಿದ್ದರೂ ಸೇನೆ ಇದನ್ನು ಅಧಿಕೃತ ಸಲಕರಣೆಯಾಗಿ ಸ್ವೀಕರಿಸಲಿಲ್ಲ. ಸೇನಾಧಿಕಾರಿಗಳು ತಮ್ಮ ಸ್ವಂತ ಹಣ ತೆತ್ತು ಅಂಗಡಿಗಳಲ್ಲಿ ಕೊಂಡುಕೊಂಡರು. ಅವರನ್ನು ನೋಡಿ ನಾಗರಿಕರೂ ಕೊಂಡರು. ಸರ್ಕಾರದ ಗುತ್ತಿಗೆ ಮುಳುಗಿಸಿದ್ದ ಕಾರ್ಯಾಗಾರವನ್ನು, ಸ್ವಂತ ಇಚ್ಛೆಯಿಂದ ಜೇಬಿಗೆ ಕೈಹಾಕಿದ ಗ್ರಾಹಕರು ಮೇಲೆತ್ತಿದರು. ದಿನನಿತ್ಯ ಜೊತೆಗೊಯ್ಯುವ ಚಾಕುವೆಂಬ ಕಲ್ಪನೆ ಎಲ್ಸೆನರ್ ಅವರ ಸಾಲವನ್ನೂ ತೀರಿಸಿತು, ಊರಿನವರಿಗೆ ಕೆಲಸವನ್ನೂ ಕೊಟ್ಟಿತು.

ತಾಯಿಯ ಹೆಸರು, ದೇಶದ ಗುರುತು

ಅಷ್ಟರಲ್ಲಿ ಸ್ಪರ್ಧೆಯೂ ಹುಟ್ಟಿಕೊಂಡಿತ್ತು. 1893ರಲ್ಲಿ ಫ್ರೆಂಚ್ ಭಾಷಿಕ ಜ್ಯೂರಾ ಪ್ರದೇಶದ ಕಂಪನಿಯೊಂದು ಸೈನಿಕ ಚಾಕುವಿನ ಪೂರೈಕೆಗೆ ಇಳಿಯಿತು. ಮುಂದೆ ವೆಂಗರ್ ಎಂಬ ಹೆಸರಿನಿಂದ ಪ್ರಸಿದ್ಧವಾದ ಸಂಸ್ಥೆ ಇದೇ. ಭಾಷಾ ಪ್ರಾಂತ್ಯಗಳ ನಡುವೆ ತಾರತಮ್ಯದ ಮಾತು ಬರಬಾರದೆಂದು 1908ರಲ್ಲಿ ಸರ್ಕಾರ ಬೇಡಿಕೆಯನ್ನು ಎರಡೂ ಕಂಪನಿಗಳಿಗೆ ಸಮನಾಗಿ ಹಂಚಿತು.

1909ರಲ್ಲಿ ತಾಯಿ ವಿಕ್ಟೋರಿಯಾ ತೀರಿಕೊಂಡರು. ಕಾರ್ಯಾಗಾರದ ಆರಂಭದ ದಿನಗಳಿಂದ ಜೊತೆಗಿದ್ದ ತಾಯಿಯ ನೆನಪಿಗೆ ಎಲ್ಸೆನರ್ ತಮ್ಮ ಉತ್ಪನ್ನಗಳಿಗೆ ವಿಕ್ಟೋರಿಯಾ ಎಂದೇ ಹೆಸರಿಟ್ಟರು. ಅದೇ ವರ್ಷ, ಗುರಾಣಿಯೊಳಗೆ ಶಿಲುಬೆಯಿರುವ ಚಿಹ್ನೆಯನ್ನು ನೋಂದಾಯಿಸಿದರು. ನಕಲು ಚಾಕುಗಳಿಂದ ಅಸಲಿಯನ್ನು ಬೇರ್ಪಡಿಸುವ ಗುರುತು ಅದಾಯಿತು.

ಮೊದಲ ಮಹಾಯುದ್ಧ ಮುಗಿದ ಕೆಲವೇ ವಾರಗಳಲ್ಲಿ, 1918ರ ಡಿಸೆಂಬರ್ 26ರಂದು, 58ನೆಯ ವಯಸ್ಸಿನಲ್ಲಿ ಕಾರ್ಲ್ ಎಲ್ಸೆನರ್ ನಿಧನರಾದರು. ಯುರೋಪ್ ಹೊತ್ತಿ ಉರಿದ ಆ ಯುದ್ಧದಲ್ಲಿ ಸ್ವಿಟ್ಜರ್ಲೆಂಡ್ ತಟಸ್ಥವಾಗಿತ್ತು. ಅವರ ಚಾಕು ಜಗದ್ವಿಖ್ಯಾತವಾದದ್ದನ್ನು ನೋಡಲು ಅವರು ಉಳಿಯಲಿಲ್ಲ.

ಸಂಸ್ಥಾಪಕರ ನಂತರ

ಮುಂದಿನ ಪೀಳಿಗೆ ವ್ಯವಹಾರವನ್ನು ಕೈಗೆತ್ತಿಕೊಂಡಿತು. 1921ರಲ್ಲಿ ತುಕ್ಕು ಹಿಡಿಯದ ಉಕ್ಕಿನ ಬಳಕೆ ಆರಂಭವಾಯಿತು. ಆ ಉಕ್ಕನ್ನು ಸೂಚಿಸುವ ಇನಾಕ್ಸ್ ಎಂಬ ಪದ ತಾಯಿಯ ಹೆಸರಿಗೆ ಸೇರಿ ವಿಕ್ಟೋರಿನಾಕ್ಸ್ ಆಯಿತು. ಎರಡನೆಯ ಮಹಾಯುದ್ಧದ ನಂತರ ಯುರೋಪಿನಲ್ಲಿದ್ದ ಅಮೆರಿಕದ ಸೈನಿಕರು ಈ ಚಾಕುಗಳನ್ನು ಅಪಾರ ಸಂಖ್ಯೆಯಲ್ಲಿ ಕೊಂಡೊಯ್ದರು. ಜರ್ಮನ್ ಭಾಷೆಯ ಉದ್ದನೆಯ ಹೆಸರು ಅವರ ನಾಲಿಗೆಗೆ ಒಗ್ಗದ್ದರಿಂದ ಸ್ವಿಸ್ ಆರ್ಮಿ ನೈಫ್ ಎಂಬ ಹೆಸರು ನಿಂತಿತು. ನ್ಯೂಯಾರ್ಕ್‌ನ ಆಧುನಿಕ ಕಲಾ ಸಂಗ್ರಹಾಲಯದ ವಿನ್ಯಾಸ ಸಂಗ್ರಹದಲ್ಲಿಯೂ ಈ ಚಾಕುವಿಗೆ ಸ್ಥಾನ ದೊರೆತಿದೆ.

2001ರ ಸೆಪ್ಟೆಂಬರ್ 11ರ ದಾಳಿಯ ಬಳಿಕ ವಿಮಾನದೊಳಗೆ ಚಾಕು ನಿಷಿದ್ಧವಾಯಿತು. ವಿಮಾನ ನಿಲ್ದಾಣಗಳ ಅಂಗಡಿಗಳಲ್ಲಿ ಮಾರಾಟ ನಿಂತು ಕಂಪನಿಗೆ ದೊಡ್ಡ ಪೆಟ್ಟು ಬಿದ್ದಿತು. ಆಗಲೂ ಇಬಾಖ್‌ನ ಕೆಲಸಗಾರರನ್ನು ಮನೆಗೆ ಕಳುಹಿಸದೆ, ಕೆಲವರನ್ನು ತಾತ್ಕಾಲಿಕವಾಗಿ ಬೇರೆ ಕಂಪನಿಗಳಿಗೆ ಎರವಲು ನೀಡಿ ಉಳಿಸಿಕೊಳ್ಳಲಾಯಿತು. ಕೆಲಸ ಉಳಿಯಬೇಕೆಂಬ ಸಂಸ್ಥಾಪಕರ ಹಂಬಲ ನೂರು ವರ್ಷಗಳ ನಂತರವೂ ಮರೆತುಹೋಗಿರಲಿಲ್ಲ. ಹಳೆಯ ಪ್ರತಿಸ್ಪರ್ಧಿ ವೆಂಗರ್ ಸಂಸ್ಥೆ ಸಂಕಷ್ಟಕ್ಕೆ ಸಿಲುಕಿದಾಗ, 2005ರಲ್ಲಿ ವಿಕ್ಟೋರಿನಾಕ್ಸ್ ಅದನ್ನು ಕೊಂಡುಕೊಂಡಿತು.

ಕೆಲವೇ ವರ್ಷಗಳಲ್ಲಿ ಸ್ವಿಸ್ ಸೇನೆ ತನ್ನ ಸೈನಿಕರಿಗೆ ಹೊಸ ಮಾದರಿಯ ಚಾಕು ಕೊಡಲು ಟೆಂಡರ್ ಕರೆಯಿತು. ಅಂತರರಾಷ್ಟ್ರೀಯ ವ್ಯಾಪಾರ ನಿಯಮದಂತೆ ವಿದೇಶಿ ಕಂಪನಿಗಳಿಗೂ ಅವಕಾಶವಿತ್ತು. ಸ್ವಿಸ್ ಸೈನಿಕನ ಚಾಕು ಮತ್ತೆ ಪರದೇಶದಿಂದ ಬರಬಹುದೆಂಬ ಆತಂಕ ಆ ದೇಶದಲ್ಲಿ ಚರ್ಚೆಯಾಯಿತು. ಈ ಬಾರಿ ಸ್ಪರ್ಧೆಯಲ್ಲಿ ಗೆದ್ದದ್ದು ಇಬಾಖ್‌ನ ಕಂಪನಿಯೇ. 2009ರಿಂದ ಹೊಸ ಚಾಕು ಸೈನಿಕರ ಕೈಸೇರತೊಡಗಿತು.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿಯೂ ಭದ್ರತಾ ತಪಾಸಣೆಗೆ ಮುನ್ನ ಈ ಪುಟ್ಟ ಚಾಕುವನ್ನು ನೆನಪಿನಿಂದ ಕೈಚೀಲದಿಂದ ತೆಗೆದು, ವಿಮಾನದ ಉಗ್ರಾಣಕ್ಕೆ ಹೋಗುವ ಪೆಟ್ಟಿಗೆಗೆ ಸೇರಿಸಬೇಕು. ಊರು ತಲುಪಿದೊಡನೆ ಅದು ಮತ್ತೆ ಜೇಬಿಗೆ ಮರಳುತ್ತದೆ. ಹಣ್ಣು ಹೆಚ್ಚುವ, ದಾರ ಕತ್ತರಿಸುವ, ತಿರುಪು ಬಿಗಿಯುವ ಆ ಸಣ್ಣ ಕೆಲಸಗಳೇ ಒಂದು ಕಾಲಕ್ಕೆ ಇಬಾಖ್‌ನ ಕಾರ್ಯಾಗಾರದ ಬಾಗಿಲು ಮುಚ್ಚದಂತೆ ಕಾಪಾಡಿದ್ದವು.