ಗಲಿನಾ ಸ್ಟಾರೊವೊಯ್ತೊವಾ

ಗಲಿನಾ ವಸೀಲ್ಯೆವ್ನಾ ಸ್ಟಾರೊವೊಯ್ತೊವಾ (17 ಮೇ 1946 – 20 ನವೆಂಬರ್ 1998) ರಷ್ಯಾದ ಜನಾಂಗಶಾಸ್ತ್ರಜ್ಞೆ ಹಾಗೂ ರಾಜಕಾರಣಿ. ಸೋವಿಯತ್ ಒಕ್ಕೂಟದ ಕೊನೆಯ ವರ್ಷಗಳಲ್ಲಿಯೂ ಅದರ ವಿಘಟನೆಯ ನಂತರವೂ ಅಲ್ಪಸಂಖ್ಯಾತ ಜನಾಂಗಗಳ ರಾಜಕೀಯ ಹಕ್ಕುಗಳಿಗಾಗಿ ದುಡಿದವರಲ್ಲಿ ಇವರು ಪ್ರಮುಖರು. ರಷ್ಯಾದ ಸಂಸತ್ತಿನ ಕೆಳಮನೆಯಾದ ಡೂಮಾದ ಸದಸ್ಯೆಯಾಗಿದ್ದಾಗಲೇ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಇವರ ಹತ್ಯೆಯಾಯಿತು.

ಆರಂಭಿಕ ಜೀವನ ಮತ್ತು ಸಂಶೋಧನೆ

ಉರಲ್ ಪ್ರದೇಶದ ಚೆಲ್ಯಾಬಿನ್ಸ್ಕ್‌ನಲ್ಲಿ ಜನಿಸಿದ ಸ್ಟಾರೊವೊಯ್ತೊವಾ ಬೆಳೆದದ್ದು ಲೆನಿನ್‌ಗ್ರಾಡ್‌ನಲ್ಲಿ. 1971ರಲ್ಲಿ ಲೆನಿನ್‌ಗ್ರಾಡ್ ವಿಶ್ವವಿದ್ಯಾಲಯದಿಂದ ಮನಶ್ಶಾಸ್ತ್ರದಲ್ಲಿ ಪದವಿ ಪಡೆದು, ಬಳಿಕ ಸೋವಿಯತ್ ವಿಜ್ಞಾನ ಅಕಾಡೆಮಿಯ ಜನಾಂಗಶಾಸ್ತ್ರ ಸಂಸ್ಥೆಯಲ್ಲಿ ಸಂಶೋಧನೆ ನಡೆಸಿದರು. ಲೆನಿನ್‌ಗ್ರಾಡ್‌ನಲ್ಲಿ ನೆಲೆಸಿದ್ದ ತಾತಾರರು, ಅರ್ಮೇನಿಯನ್ನರು ಮತ್ತು ಎಸ್ಟೋನಿಯನ್ನರು ಮಹಾನಗರದ ಬದುಕಿಗೆ ಹೊಂದಿಕೊಳ್ಳುತ್ತಲೇ ತಮ್ಮ ಭಾಷೆ ಮತ್ತು ಅಸ್ಮಿತೆಯನ್ನು ಎಷ್ಟರ ಮಟ್ಟಿಗೆ ಉಳಿಸಿಕೊಂಡಿದ್ದಾರೆ ಎಂಬುದು ಅವರ ಅಧ್ಯಯನದ ವಿಷಯವಾಗಿತ್ತು. ಇದನ್ನು ಆಧರಿಸಿದ ಗ್ರಂಥವು 1987ರಲ್ಲಿ ಪ್ರಕಟವಾಯಿತು. ಅಬ್ಖಾಜಿಯಾ ಮತ್ತು ನಗೋರ್ನೊ-ಕರಾಬಖ್‌ಗಳಲ್ಲಿಯೂ ಅವರು ಕ್ಷೇತ್ರಕಾರ್ಯ ಕೈಗೊಂಡಿದ್ದರು.

ಕರಾಬಖ್ ವಿವಾದ ಮತ್ತು ರಾಜಕೀಯ ಪ್ರವೇಶ

ಅರ್ಮೇನಿಯನ್ನರೇ ಬಹುಸಂಖ್ಯಾತರಾಗಿದ್ದ ನಗೋರ್ನೊ-ಕರಾಬಖ್ ಸೋವಿಯತ್ ಆಡಳಿತದಲ್ಲಿ ಅಜರ್‌ಬೈಜಾನ್‌ನ ಒಳಗಿನ ಸ್ವಾಯತ್ತ ಪ್ರಾಂತವಾಗಿತ್ತು. 1988ರ ಫೆಬ್ರವರಿಯಲ್ಲಿ ಅಲ್ಲಿನ ಪ್ರಾಂತೀಯ ಸೋವಿಯತ್ ತನ್ನನ್ನು ಅರ್ಮೇನಿಯಾಕ್ಕೆ ಸೇರಿಸಬೇಕೆಂದು ಕೋರಿತು. ಸ್ಟಾರೊವೊಯ್ತೊವಾ ಈ ಬೇಡಿಕೆಯನ್ನು ಬಹಿರಂಗವಾಗಿ ಬೆಂಬಲಿಸಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಭೌತವಿಜ್ಞಾನಿ ಆಂದ್ರೇ ಸಖಾರೊವ್ ಅವರೊಂದಿಗೆ ಬಾಕು, ಯೆರೆವಾನ್ ಮತ್ತು ಕರಾಬಖ್‌ಗಳಿಗೆ ಭೇಟಿ ನೀಡಿದರು. 1989ರ ಚುನಾವಣೆಯಲ್ಲಿ ಯೆರೆವಾನ್‌ನ ಮತದಾರರು, ಅರ್ಮೇನಿಯನ್ ಅಲ್ಲದ ಇವರನ್ನು ಸೋವಿಯತ್ ಒಕ್ಕೂಟದ ಜನಪ್ರತಿನಿಧಿಗಳ ಕಾಂಗ್ರೆಸ್‌ಗೆ ಆರಿಸಿ ಕಳುಹಿಸಿದರು. 1990ರಲ್ಲಿ ಲೆನಿನ್‌ಗ್ರಾಡ್‌ನಿಂದ ರಷ್ಯಾದ ಜನಪ್ರತಿನಿಧಿಗಳ ಕಾಂಗ್ರೆಸ್‌ಗೂ ಆಯ್ಕೆಯಾದರು.

ಅಧ್ಯಕ್ಷರ ಸಲಹೆಗಾರರಾಗಿ

1991ರಲ್ಲಿ ಬೋರಿಸ್ ಯೆಲ್ತ್ಸಿನ್ ಇವರನ್ನು ಜನಾಂಗೀಯ ಸಂಬಂಧಗಳ ಸಲಹೆಗಾರರನ್ನಾಗಿ ನೇಮಿಸಿದರು. ರಷ್ಯಾದೊಳಗಿನ ಗಣರಾಜ್ಯಗಳು ಹೆಚ್ಚಿನ ಅಧಿಕಾರಕ್ಕಾಗಿ ಒತ್ತಾಯಿಸುತ್ತಿದ್ದ ಕಾಲವದು. 1992ರ ಮಾರ್ಚ್‌ನ ಫೆಡರೇಶನ್ ಒಪ್ಪಂದಕ್ಕೆ ತಾತಾರ್‌ಸ್ತಾನ್ ಮತ್ತು ಚೆಚೆನ್ಯಾ ಸಹಿ ಹಾಕಲಿಲ್ಲ. ಉತ್ತರ ಒಸೆಟಿಯಾದ ಪ್ರಿಗೊರೊಡ್ನಿ ಜಿಲ್ಲೆಯಲ್ಲಿ ಒಸೆಟಿಯನ್ನರಿಗೂ ಇಂಗುಷರಿಗೂ ನಡುವೆ ಸಶಸ್ತ್ರ ಸಂಘರ್ಷ ನಡೆಯುತ್ತಿರುವಾಗಲೇ, 1992ರ ನವೆಂಬರ್‌ನಲ್ಲಿ, ಅವರನ್ನು ಹುದ್ದೆಯಿಂದ ತೆಗೆಯಲಾಯಿತು.

ಚಿಂತನೆ

ಅನಂತರ ಅಮೆರಿಕದಲ್ಲಿ ಸಂಶೋಧನೆ ಮತ್ತು ಬೋಧನೆಯಲ್ಲಿ ತೊಡಗಿದರು. ಹಿಂದಿನ ಸೋವಿಯತ್ ಪ್ರದೇಶದ ಸ್ವಯಂನಿರ್ಣಯ ಚಳವಳಿಗಳನ್ನು ಕುರಿತ ಅವರ ಇಂಗ್ಲಿಷ್ ಅಧ್ಯಯನವು 1997ರಲ್ಲಿ ಹೊರಬಂದಿತು. ಸ್ವಯಂನಿರ್ಣಯದ ಬೇಡಿಕೆಯನ್ನು ಕಣ್ಣುಮುಚ್ಚಿ ಒಪ್ಪುವುದೂ ಸಲ್ಲದು, ಗಡಿಗಳ ಹೆಸರಿನಲ್ಲಿ ತಳ್ಳಿಹಾಕುವುದೂ ಸಲ್ಲದು ಎಂಬುದು ಅವರ ನಿಲುವು. ಭೂಪ್ರದೇಶದ ಮೇಲಿನ ಐತಿಹಾಸಿಕ ಹಕ್ಕು, ಜನಸಂಖ್ಯೆಯ ಸ್ವರೂಪ, ಜನರ ಇಚ್ಛೆ ಮತ್ತು ಪರಿಣಾಮಗಳ ಹೊಣೆಗಾರಿಕೆ ಮೊದಲಾದ ಮಾನದಂಡಗಳಿಂದ ಪ್ರತಿಯೊಂದನ್ನೂ ಅಳೆಯಬೇಕೆಂದು ಅವರು ವಾದಿಸಿದರು.

ಡೂಮಾ ಸದಸ್ಯತ್ವ ಮತ್ತು ಹತ್ಯೆ

1995ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಿಂದ ಡೂಮಾಗೆ ಆಯ್ಕೆಯಾದ ಅವರು ಚೆಚೆನ್ಯಾದ ಯುದ್ಧವನ್ನು ವಿರೋಧಿಸಿದರು. 1996ರ ಅಧ್ಯಕ್ಷೀಯ ಚುನಾವಣೆಗೆ ಸ್ಪರ್ಧಿಸುವ ಅವರ ಪ್ರಯತ್ನವು ಚುನಾವಣಾ ಆಯೋಗವು ನೋಂದಣಿಯನ್ನು ನಿರಾಕರಿಸಿದ್ದರಿಂದ ಫಲಿಸಲಿಲ್ಲ. 1998ರಲ್ಲಿ 'ಡೆಮಾಕ್ರಟಿಕ್ ರಷ್ಯಾ' ಪಕ್ಷದ ಅಧ್ಯಕ್ಷೆಯಾದರು. ಆ ವರ್ಷದ ಶರತ್ಕಾಲದಲ್ಲಿ ಸಹ ಸದಸ್ಯ ಆಲ್ಬರ್ಟ್ ಮಕಾಶೊವ್ ಅವರ ಯಹೂದಿ ವಿರೋಧಿ ಹೇಳಿಕೆಗಳನ್ನು ಖಂಡಿಸಿದವರಲ್ಲಿ ಇವರೂ ಒಬ್ಬರು. ಆದರೆ ಡೂಮಾ ಖಂಡನಾ ನಿರ್ಣಯವನ್ನು ಅಂಗೀಕರಿಸಲಿಲ್ಲ.

1998ರ ನವೆಂಬರ್ 20ರ ರಾತ್ರಿ, ಗ್ರಿಬೊಯೆಡೊವ್ ಕಾಲುವೆಯ ದಂಡೆಯಲ್ಲಿದ್ದ ತಮ್ಮ ಮನೆಯ ಕಟ್ಟಡದ ಪ್ರವೇಶದಲ್ಲಿ ಅವರನ್ನು ಗುಂಡಿಕ್ಕಿ ಕೊಲ್ಲಲಾಯಿತು. ಜೊತೆಯಲ್ಲಿದ್ದ ಸಹಾಯಕರು ತೀವ್ರವಾಗಿ ಗಾಯಗೊಂಡರು. ಅಲೆಕ್ಸಾಂಡರ್ ನೆವ್‌ಸ್ಕಿ ಮಠದ ನಿಕೋಲ್‌ಸ್ಕೊಯೆ ಸ್ಮಶಾನದಲ್ಲಿ ಅವರ ಸಮಾಧಿಯಿದೆ. 2005ರಲ್ಲಿ ಇಬ್ಬರಿಗೆ ದೀರ್ಘಾವಧಿಯ ಸೆರೆವಾಸ ವಿಧಿಸಲಾಯಿತು. ಹತ್ಯೆಯನ್ನು ಸಂಘಟಿಸಿದ ಅಪರಾಧಕ್ಕಾಗಿ 2015ರಲ್ಲಿ ಡೂಮಾದ ಮಾಜಿ ಸದಸ್ಯರೊಬ್ಬರಿಗೆ 17 ವರ್ಷಗಳ ಶಿಕ್ಷೆಯಾಯಿತು.