ಉದಗೀರದ ತೋಪುಗಳ ಸರದಾರ: ಇಬ್ರಾಹಿಂಖಾನ ಗಾರದಿ

ಉದಗೀರದ ಕೋಟೆಯನ್ನು ಕಾಣದ ವಿದ್ಯಾರ್ಥಿಗಳು ನಮ್ಮ ಸೀಮೆಯಲ್ಲಿ ವಿರಳ. ಆದರೆ ಆ ಕೋಟೆಯ ಹೆಸರಿನಿಂದಲೇ ಪ್ರಸಿದ್ಧವಾದ 1760ನೆಯ ಇಸವಿಯ ಯುದ್ಧದಲ್ಲಿ ಯಾರು ಯಾರು ಕಾದಿದರೆಂದು ಕೇಳಿದರೆ, ಪೇಶವೆ ಮತ್ತು ನಿಜಾಮ ಎಂಬ ಎರಡು ಹೆಸರುಗಳ ಮುಂದೆ ನಮ್ಮ ಮಾತು ಸಾಗುವುದಿಲ್ಲ. ರಾಜರ ಹೆಸರು ಉಳಿಯುವುದು ಇತಿಹಾಸದ ವಾಡಿಕೆ. ತೋಪಿಗೆ ಬತ್ತಿ ಹಚ್ಚಿದವರ ಹೆಸರು ಉಳಿಯುವುದು ಕಡಿಮೆ. ಹಾಗೆ ಉಳಿದ ಕೆಲವೇ ಹೆಸರುಗಳಲ್ಲಿ ಇಬ್ರಾಹಿಂಖಾನ ಗಾರದಿಯದೂ ಒಂದು.

ಇಬ್ರಾಹಿಂಖಾನನು ದಖ್ಖಣದ ಮುಸಲ್ಮಾನನು. ಜಹಗೀರುಳ್ಳ ಮನೆತನದಲ್ಲಿ ಹುಟ್ಟಿ ದೊಡ್ಡವನಾದವನಲ್ಲ, ಸಿಪಾಯಿಗಿರಿಯಿಂದಲೇ ಮೇಲೆ ಬಂದವನು. ಆತನ ಗುರುಮನೆ ಫ್ರೆಂಚ್ ಸೇನಾನಿ ಬುಸ್ಸಿಯ ದಂಡು. 1751ರಲ್ಲಿ ಬುಸ್ಸಿಯು ಸಲಾಬತಜಂಗನನ್ನು ನಿಜಾಮನ ಗಾದಿಯ ಮೇಲೆ ಕೂರಿಸಿ, ಅವನ ರಕ್ಷಣೆಗೆಂದು ತನ್ನ ಪಡೆಯೊಡನೆ ದಖ್ಖಣದಲ್ಲಿಯೇ ನಿಂತನು. ಆ ಪಡೆಯಲ್ಲಿ ಫ್ರೆಂಚರು ಕೆಲವು ನೂರು, ಉಳಿದವರೆಲ್ಲ ನಮ್ಮ ನಾಡಿನವರೇ. ಅವರಿಗೆ ಯುರೋಪಿನ ಕವಾಯತು ಕಲಿಸಲಾಯಿತು. ಸಾಲಾಗಿ ನಿಲ್ಲುವುದು, ಒಂದೇ ಹುಕುಮಿಗೆ ಒಟ್ಟಿಗೆ ಗುಂಡು ಹಾರಿಸುವುದು, ಒಂದು ಸಾಲು ಬಂದೂಕಿಗೆ ಮದ್ದು ತುಂಬುವಾಗ ಇನ್ನೊಂದು ಸಾಲು ಗುರಿ ಹಿಡಿಯುವುದು, ಶತ್ರು ತೀರ ಹತ್ತಿರ ಬಂದರೆ ಬಂದೂಕಿನ ತುದಿಗೆ ಸಿಕ್ಕಿಸಿದ ಸಂಗೀನಿನಿಂದ ಇರಿಯುವುದು. ಇಂಥ ಸಿಪಾಯಿಗಳಿಗೆ ಗಾರದಿಗಳೆಂದು ಹೆಸರಾಯಿತು. ಕಾವಲು ಎಂಬ ಅರ್ಥದ ಫ್ರೆಂಚ್ ಶಬ್ದವೇ ನಮ್ಮವರ ಬಾಯಲ್ಲಿ ಹೀಗೆ ಆಯಿತೆಂದು ಹೇಳುತ್ತಾರೆ.

ಈ ಹೊಸ ವಿದ್ಯೆಯ ರುಚಿ ಪೇಶವೆಗೆ ಬೇಗನೆ ಹತ್ತಿತು. 1751ರ ನವೆಂಬರಿನಲ್ಲಿ, ಚಂದ್ರಗ್ರಹಣದ ರಾತ್ರಿ, ಪೇಶವೆ ಬಾಳಾಜಿ ಬಾಜಿರಾಯನ ಛಾವಣಿಯಲ್ಲಿ ಸ್ನಾನ ಜಪಗಳು ನಡೆದಿದ್ದಾಗ ಬುಸ್ಸಿಯ ತೋಪುಗಳು ಒಮ್ಮೆಲೇ ಮೇಲೆ ಬಿದ್ದವು. ಪೇಶವೆಯು ಪೂಜಾಸಾಮಗ್ರಿಯನ್ನೂ ಬಿಟ್ಟು ಹೊರಡಬೇಕಾಯಿತು. ತನ್ನಲ್ಲಿಯೂ ಗಾರದಿಗಳಿರಬೇಕೆಂಬ ಹಟ ಪುಣೆಯಲ್ಲಿ ಹುಟ್ಟಿದ್ದು ಆ ಕಾಲದ ಅನುಭವಗಳಿಂದಲೇ.

ಇಲ್ಲಿ ವಿದ್ಯಾರ್ಥಿಗಳು ಒಂದು ಮಾತನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಗಾರದಿಯ ಸಿಪಾಯಿಯನ್ನು ಸೇರಿಸಿಕೊಳ್ಳುತ್ತಿದ್ದವನು ರಾಜನಲ್ಲ, ಗಾರದಿಯ ಸರದಾರ. ತಿಂಗಳಿಗೆ ಇಷ್ಟೆಂದು ರಾಜನೊಡನೆ ಕರಾರು ಮಾಡಿಕೊಳ್ಳುವವನು ಅವನೇ. ಊರೂರಿಂದ ಜನರನ್ನು ಕೂಡಿಸುವವನು, ಬಂದೂಕು ಕೊಡುವವನು, ಕವಾಯತು ಕಲಿಸುವವನು, ಪಗಾರ ಹಂಚುವವನು, ಸತ್ತವರ ಜಾಗಕ್ಕೆ ಬೇರೆಯವರನ್ನು ತುಂಬುವವನು ಎಲ್ಲ ಅವನೇ. ರಾಜನ ದಫ್ತರದಲ್ಲಿ ಇಷ್ಟು ಸಾವಿರ ಜನ, ಇಷ್ಟು ತೋಪು, ಇಷ್ಟು ರೂಪಾಯಿ ಎಂಬ ಲೆಕ್ಕ ಮಾತ್ರ. ಕಟ್ಟಡಕ್ಕೆ ಗುತ್ತಿಗೆ ಕೊಡುವಂತೆ ಯುದ್ಧಕ್ಕೂ ಗುತ್ತಿಗೆ! ಗುತ್ತಿಗೆದಾರನು ಒಳ್ಳೆಯವನಾದರೆ ಕೆಲಸ ಗಟ್ಟಿಯಾಗುತ್ತಿತ್ತು. ಅಲ್ಲದಿದ್ದರೆ ಅದೇ ಬಂದೂಕು ಯಾವ ಕಡೆಗೆ ತಿರುಗುವುದೆಂದು ಹೇಳುವಂತಿರಲಿಲ್ಲ.

ಗುತ್ತಿಗೆಯ ಹಣ ಎಲ್ಲಿಂದ ಬರಬೇಕು? ಬುಸ್ಸಿಯ ಸಿಪಾಯಿಗಳಿಗೆ ಪಗಾರ ನಿಂತು ಗದ್ದಲವಾದಾಗ ಅವನು ನಿಜಾಮನಿಂದ ನಗದನ್ನು ಕೇಳಲಿಲ್ಲ, ನೆಲವನ್ನೇ ಕೇಳಿದನು. 1753ರಲ್ಲಿ ಕೊಂಡಪಲ್ಲಿ, ಏಲೂರು, ರಾಜಮಹೇಂದ್ರಿ, ಶ್ರೀಕಾಕುಳಂ ಎಂಬ ನಾಲ್ಕು ಸರಕಾರುಗಳ ಕಂದಾಯ ಅವನ ಪಡೆಗೆಂದು ಬಿಟ್ಟುಹೋಯಿತು. ಈ ಪದ್ಧತಿ ಅಲ್ಲಿಗೆ ಮುಗಿಯಲಿಲ್ಲ. ಮುಂದೆ ಇಂಗ್ಲಿಷರು ಇದೇ ದಾರಿಯನ್ನು ಹಿಡಿದು, ತಮ್ಮ ಸೈನ್ಯವನ್ನು ಹೈದರಾಬಾದಿನಲ್ಲಿ ನಿಲ್ಲಿಸಿದ್ದಕ್ಕಾಗಿ 1800ರಲ್ಲಿ ಬಳ್ಳಾರಿ, ಕಡಪಾ ಸೀಮೆಗಳನ್ನು ಬರೆಯಿಸಿಕೊಂಡರು. 1853ರಲ್ಲಿ ಹೈದರಾಬಾದ್ ಕಂಟಿಂಜೆಂಟ್ ಎಂಬ ಪಡೆಯ ಖರ್ಚಿನ ಬಾಕಿಗಾಗಿ ವರ್‍ಹಾಡ, ರಾಯಚೂರು ದೋಆಬ ಹಾಗೂ ನಮ್ಮ ಪಕ್ಕದ ನಳದುರ್ಗ–ಧಾರಾಶಿವ ಸೀಮೆ ಇಂಗ್ಲಿಷರ ಕೈಗೆ ಹೋದವು. ನಳದುರ್ಗದ ಕಾರಭಾರಕ್ಕೆ ಬಂದವನು ಸುರಪುರದಲ್ಲಿ ಹೆಸರು ಮಾಡಿದ್ದ ಮೆಡೋಸ್ ಟೇಲರ್. ರಾಯಚೂರು ಮತ್ತು ಧಾರಾಶಿವ 1860ರಲ್ಲಿ ನಿಜಾಮನಿಗೆ ಮರಳಿದವು. ಈ ಭಾಗದ ರೈತನು ತನ್ನ ಜೋಳದ ಹೊಲದ ಕಂದಾಯದಿಂದ, ತಾನು ಎಂದೂ ಕರೆಯದ ಒಂದು ದಂಡಿಗೆ ಏಳು ವರ್ಷ ಪಗಾರ ಕೊಟ್ಟನೆಂದು ಇದರ ಅರ್ಥ.

ಇರಲಿ, ಇಬ್ರಾಹಿಂಖಾನನ ಕಡೆಗೆ ಬರೋಣ. ಅವನ ಕಾಲದಲ್ಲಿಯೇ ಮುಝಫರಖಾನನೆಂಬ ಇನ್ನೊಬ್ಬ ಗಾರದಿ ಸರದಾರನಿದ್ದನು. ಇವನೂ ಬುಸ್ಸಿಯ ಬಳಿ ಕಲಿತವನೇ. ಪೇಶವೆಯ ಚಾಕರಿಗೆ ಬಂದು, ಅಲ್ಲಿ ಮನಸ್ತಾಪವಾಗಲು ಸವಣೂರಿನ ನವಾಬನ ಆಶ್ರಯಕ್ಕೆ ಹೋದನು. 1756ರಲ್ಲಿ ಪೇಶವೆಯು ಸವಣೂರಿಗೆ ಮುತ್ತಿಗೆ ಹಾಕಲು ಇದೂ ಒಂದು ಕಾರಣ. ಹಣ ಎಲ್ಲಿಯೋ ಅಲ್ಲಿ ತೋಪು ಎಂಬುದು ಮುಝಫರಖಾನನ ನಡತೆ. ಇಷ್ಟಾದರೂ ಪೇಶವೆಯು ಅವನನ್ನು ಮತ್ತೆ ಚಾಕರಿಗೆ ತೆಗೆದುಕೊಂಡದ್ದು ಆಶ್ಚರ್ಯ. ಗಾರದಿಗಳ ಅಗತ್ಯ ಅಷ್ಟಿತ್ತೆನ್ನಬೇಕು.

1758ರಲ್ಲಿ ಫ್ರೆಂಚರು ಬುಸ್ಸಿಯನ್ನು ದಖ್ಖಣದಿಂದ ಹಿಂದಕ್ಕೆ ಕರೆಸಿಕೊಂಡರು. ಒಡೆಯನಿಲ್ಲದ ಗಾರದಿಗಳು ಹೊಸ ಧಣಿಗಳನ್ನು ಹುಡುಕಿದರು. ಇಬ್ರಾಹಿಂಖಾನನು ಸಲಾಬತಜಂಗನ ತಮ್ಮನಾದ ನಿಜಾಮಲಿಯಲ್ಲಿ ಚಾಕರಿ ಹಿಡಿದನು. ಮರು ವರ್ಷ ಅಲ್ಲಿಂದ ಬಿಡುಗಡೆಯಾಗಲು, ಪೇಶವೆಯ ಚಿಕ್ಕಪ್ಪನ ಮಗ ಸದಾಶಿವರಾವ ಭಾವೂ ಅವನನ್ನು ಕೂಡಲೇ ಕರೆದು ಇಟ್ಟುಕೊಂಡನು. ಮುಝಫರಖಾನನಿಗೆ ಇದು ಸಹನೆಯಾಗಲಿಲ್ಲ. 1759ರ ಅಕ್ಟೋಬರಿನಲ್ಲಿ ಪುಣೆಯಲ್ಲಿ ಭಾವೂವಿನ ಮೇಲೆ ಕಠಾರಿಯ ಏಟು ಬಿತ್ತು. ಗಾಯ ಪ್ರಾಣಕ್ಕೆ ಬರಲಿಲ್ಲ. ಸಂಚಿನ ಹಿಂದಿದ್ದ ಮುಝಫರಖಾನನಿಗೆ ಮರಣದಂಡನೆಯಾಯಿತು.

ಇದಾದ ಮೂರು ತಿಂಗಳಲ್ಲಿ ಉದಗೀರದ ದಂಡಯಾತ್ರೆ. ಅಹಮದನಗರದ ಕೋಟೆಯನ್ನು ಮರಾಠರು ಕಿಲ್ಲೇದಾರನಿಗೆ ಹಣ ಕೊಟ್ಟು ವಶಪಡಿಸಿಕೊಂಡಿದ್ದರು. ಅದರಿಂದ ಯುದ್ಧ ಹತ್ತಿತು. ಸಲಾಬತಜಂಗ, ನಿಜಾಮಲಿ ಇಬ್ಬರೂ ಉದಗೀರದಲ್ಲಿ ಬೀಡುಬಿಟ್ಟಿದ್ದರು. ಔಸಾದ ಮೇಲಿಂದ ಧಾರೂರಿಗೆ ಹೋಗಿ ಅಲ್ಲಿ ಕಾದಿದ್ದ ತಮ್ಮ ಪಡೆಯನ್ನು ಕೂಡಿಕೊಳ್ಳಬೇಕೆಂಬುದು ಅವರ ಲೆಕ್ಕ. ಮರಾಠ ಕುದುರೆ ದಂಡು ಅವರನ್ನು ಸುತ್ತುಗಟ್ಟಿತು. ಕಾಳು ಕಡಿ ಬರುವ ದಾರಿಗಳು ಕಟ್ಟಾದವು. ನಿಜಾಮನ ಸೈನ್ಯವು ತೋಪುಗಳನ್ನು ಸುತ್ತಲೂ ಇಟ್ಟುಕೊಂಡು, ನಡುವೆ ಸಾಮಾನು ಸರಂಜಾಮು ಇಟ್ಟುಕೊಂಡು, ಆಮೆಯಂತೆ ನಿಧಾನವಾಗಿ ಸರಿಯುತ್ತಿತ್ತು. ಇಂಥ ಚೌಕವನ್ನು ಕುದುರೆಗಳಿಂದ ಮಾತ್ರ ಒಡೆಯುವುದು ಕಷ್ಟ. ತೋಪಿಗೆ ತೋಪೇ ಬೇಕು. ಆ ಕೆಲಸ ಇಬ್ರಾಹಿಂಖಾನನದಾಯಿತು. ಒಂದು ವರ್ಷದ ಹಿಂದೆ ತಾನು ಯಾರ ಅನ್ನ ಉಂಡಿದ್ದನೋ ಅವರ ಮೇಲೆಯೇ ಗುಂಡು ಹಾರಿಸುವ ಪ್ರಸಂಗ! ಉದಗೀರದಲ್ಲಿ ಆತನು ನಿಜಾಮನ ಪಕ್ಷದಲ್ಲಿದ್ದು ಸೋತ ಮೇಲೆ ಪೇಶವೆಯನ್ನು ಸೇರಿದನೆಂಬ ಕಥೆಯೂ ಜನರಲ್ಲಿದೆ. ಆದರೆ ಮುಝಫರಖಾನನ ಸಂಚು ನಡೆದದ್ದೇ ಇವನು ಪುಣೆಯ ಚಾಕರಿಗೆ ಬಂದುದರಿಂದ, ಮತ್ತು ಅದು ಯುದ್ಧಕ್ಕೆ ಮುಂಚಿನ ಮಾತು.

1760ರ ಫೆಬ್ರುವರಿ 3ರಂದು ಔಸಾದ ಸಮೀಪ ನಿಜಾಮನ ಸೈನ್ಯದ ಒಂದು ಭಾಗ ಪೂರ್ಣ ಮುರಿದುಬಿತ್ತು. ಸಂಧಿಯಾಯಿತು. ಸುಮಾರು 60 ಲಕ್ಷ ರೂಪಾಯಿ ಉತ್ಪನ್ನದ ಸೀಮೆಯೂ ದೌಲತಾಬಾದ್, ಅಸೀರಗಡ, ವಿಜಾಪುರಗಳಂಥ ಕೋಟೆಗಳೂ ಪೇಶವೆಗೆ ಒಪ್ಪಿತವಾದವು. ಅದರ ಬೆನ್ನಿಗೇ ಉತ್ತರದಿಂದ ಕೆಟ್ಟ ಸುದ್ದಿ ಬಂತು. ಅಹಮದಶಾಹ ಅಬ್ದಾಲಿಯ ಕೈಯಲ್ಲಿ ದತ್ತಾಜಿ ಶಿಂದೆ ಮಡಿದಿದ್ದನು. ಉದಗೀರದಲ್ಲಿ ಗೆದ್ದ ಭಾವೂವನ್ನೇ ಕಳುಹುವುದೆಂದು ನಿಶ್ಚಯವಾಗಿ, ಮಾರ್ಚ್ ತಿಂಗಳಲ್ಲಿ ಪರತೂರಿನಿಂದ ದಂಡು ಹೊರಟಿತು. ಇಬ್ರಾಹಿಂಖಾನನೂ ಅವನ ಗಾರದಿಗಳೂ ಜೊತೆಗೆ. ಅವರ ತೋಪುಗಳು ದಿಲ್ಲಿಯ ಕೋಟೆಯ ಮೇಲೂ, ಅಕ್ಟೋಬರಿನಲ್ಲಿ ಕುಂಜಪುರದ ಮೇಲೂ ಗರ್ಜಿಸಿದವು.

ಮುಂದಿನ ಕಥೆ ಪಗಾರದ ಕಥೆ. ಮರಾಠ ಸಿಲೆದಾರರಿಗೆ ಪಗಾರ ತಡವಾಗುವುದು ರೂಢಿ. ಲೂಟಿಯಲ್ಲಿ ಅವರು ಸರಿದೂಗಿಸಿಕೊಳ್ಳುತ್ತಿದ್ದರು. ಗಾರದಿಗೆ ಹಾಗಲ್ಲ. ಅವನು ಸಾಲು ಬಿಟ್ಟು ಲೂಟಿಗೆ ಹೋದರೆ ಸಾಲೇ ಉಳಿಯುವುದಿಲ್ಲ. ಆದ್ದರಿಂದ ತಿಂಗಳು ತಿಂಗಳಿಗೆ ನಗದು ಬೇಕು ಎಂದು ಇಬ್ರಾಹಿಂಖಾನನು ಹಟ ಹಿಡಿಯುತ್ತಿದ್ದನು. ಇದು ಬೇರೆ ಸರದಾರರ ಕಣ್ಣಿಗೆ ಚುಚ್ಚಿತು, ಭಾವೂವಿಗೂ ಬೇಸರ ತಂದಿತು. ಖಜಾನೆ ಬರಿದಾಗಿ, ದಿಲ್ಲಿಯ ದಿವಾನ್-ಇ-ಖಾಸಿನ ಬೆಳ್ಳಿಯ ಛಾವಣಿಯನ್ನು ಕಿತ್ತು ನಾಣ್ಯ ಹೊಡೆಯಿಸಿ ಸೈನ್ಯಕ್ಕೆ ಹಂಚಿದ್ದಾಯಿತು. ಡಿಸೆಂಬರಿನಲ್ಲಿ ಗೋವಿಂದಪಂತ ಬುಂದೇಲೆ ಹತನಾಗಲು ಧಾನ್ಯ ಬರುವುದೂ ನಿಂತಿತು. ದಿಲ್ಲಿಯಿಂದ ರೊಕ್ಕ ತರುತ್ತಿದ್ದ ಒಂದು ತಂಡವು ಕತ್ತಲೆಯಲ್ಲಿ ದಾರಿ ತಪ್ಪಿ ಅಬ್ದಾಲಿಯ ಛಾವಣಿಯಲ್ಲಿಯೇ ಹೊಕ್ಕು ನಾಶವಾಯಿತು.

1761ರ ಜನವರಿ 14. ಸಂಕ್ರಾಂತಿಯ ಕಾಲ. ಅಂದು ಶತ್ರುಪಕ್ಷದ ಶುಜಾಉದ್ದೌಲನ ಚಾಕರಿಯಲ್ಲಿದ್ದ ಕಾಶೀರಾಜ ಪಂಡಿತನು ಯುದ್ಧದ ವಿವರವನ್ನು ಪಾರಸಿಯಲ್ಲಿ ಬರೆದಿಟ್ಟಿದ್ದಾನೆ. ಅವನು ಹೇಳುವ ಪ್ರಕಾರ, ಯುದ್ಧ ಹತ್ತುವ ಮುಂಚೆ ಇಬ್ರಾಹಿಂಖಾನನು ಕುದುರೆಯ ಮೇಲೆ ಭಾವೂವಿನ ಬಳಿಗೆ ಬಂದು ಮುಜುರೆ ಮಾಡಿದನು. ಪಗಾರಕ್ಕಾಗಿ ತಾನು ಪೀಡಿಸಿದ್ದರಿಂದ ಧಣಿಗೆ ತನ್ನ ಮೇಲೆ ಬಹಳ ದಿನಗಳಿಂದ ಸಿಟ್ಟಿರುವುದು ತನಗೆ ಗೊತ್ತೆಂದೂ, ಈ ತಿಂಗಳು ಖಜಾನೆ ಶತ್ರುವಿನ ಪಾಲಾಗಿ ತನ್ನವರಿಗೆ ಏನೂ ಮುಟ್ಟಿಲ್ಲವೆಂದೂ, ಆದರೂ ಇಷ್ಟು ದಿನ ಪಡೆದ ಹಣ ವ್ಯರ್ಥವಾಗಲಿಲ್ಲವೆಂಬುದನ್ನು ಇಂದು ತೋರಿಸುವೆನೆಂದೂ ಹೇಳಿ ತನ್ನ ಪಡೆಯ ಮುಂದೆ ಹೋಗಿ ನಿಂತನು.

ಅವನ ಬಳಿ 9 ಸಾವಿರ ಕಾಲಾಳು, 40 ತೋಪುಗಳಿದ್ದವೆಂದು ಅದೇ ಪಂಡಿತನ ಲೆಕ್ಕ. ಒಂಬತ್ತು ಪಲಟಣಗಳಲ್ಲಿ ಎರಡನ್ನು ಮಗ್ಗುಲಿನ ಕಾವಲಿಗೆ ನಿಲ್ಲಿಸಿ, ಏಳನ್ನು ಕಟ್ಟಿಕೊಂಡು ರೋಹಿಲರ ಮೇಲೆ ಸಂಗೀನು ಹಿಡಿದು ನುಗ್ಗಿದನು. ದಾಮಾಜಿ ಗಾಯಕವಾಡನು ಬೆಂಬಲಕ್ಕಿದ್ದನು. ರೋಹಿಲರ ಸಾವಿರಾರು ಜನ ಬಿದ್ದರು. ಗಾರದಿಗಳ ಒಂಬತ್ತು ಪಲಟಣಗಳಲ್ಲಿ ಆರು ಹೆಚ್ಚುಕಡಿಮೆ ನಾಮಶೇಷವಾದವು. ಭರ್ಚಿಯ ಹಲವು ತಿವಿತಗಳೂ ಒಂದು ಗುಂಡೂ ಇಬ್ರಾಹಿಂಖಾನನ ಮೈಯಲ್ಲಿದ್ದವು. ಸಂಜೆಯ ಹೊತ್ತಿಗೆ ಪಾನಿಪತದಲ್ಲಿ ಮರಾಠರು ಸೋತಿದ್ದರು.

ಕೂಲಿಯ ಸೈನಿಕನು ದುಡ್ಡಿನಷ್ಟೇ ಕಾದುತ್ತಾನೆಂದು ಹೇಳುವವರಿಗೆ ಆ ದಿನ ಉತ್ತರ ಕೊಡುವುದು ಕಷ್ಟ. ಆದರೆ ಇಬ್ರಾಹಿಂಖಾನನೊಬ್ಬನನ್ನು ನೋಡಿ ಈ ಪದ್ಧತಿಯನ್ನು ಮೆಚ್ಚುವುದೂ ತರವಲ್ಲ. ಅವನ ಪಕ್ಕದಲ್ಲಿಯೇ ಮುಝಫರಖಾನನಿದ್ದನಲ್ಲ! ಖಾಸಗಿ ಪಡೆಗಳು ಈ ಕಾಲದಲ್ಲಿಯೂ ಇವೆ. ರಷ್ಯಾದ ವ್ಯಾಗ್ನರ್ ಎಂಬ ಪಡೆಯು 2023ರ ಜೂನ್‌ನಲ್ಲಿ ತನ್ನ ಸರಕಾರದ ಮೇಲೆಯೇ ತಿರುಗಿ ಮಾಸ್ಕೋದತ್ತ ಹೊರಟಿತ್ತು. ಇನ್ನೂ ಹತ್ತಿರದ ಮಾತೆಂದರೆ, ಉಮರ್ಗಾಕ್ಕೆ ಹೊಂದಿದ ಕಲಬುರಗಿ ಜಿಲ್ಲೆಯ ಕೆಲವು ತರುಣರು ಒಳ್ಳೆಯ ಪಗಾರದ ಕೆಲಸವೆಂದು ಏಜೆಂಟರು ಹೇಳಿದ್ದನ್ನು ನಂಬಿ ರಷ್ಯಾಕ್ಕೆ ಹೋಗಿ, ಯುಕ್ರೇನಿನ ಯುದ್ಧಭೂಮಿಯಲ್ಲಿ ಸಿಕ್ಕಿಕೊಂಡದ್ದು 2024ರಲ್ಲಿ ಪತ್ರಿಕೆಗಳಲ್ಲಿ ಬಂತು. ಅವರು ಸಹಿ ಮಾಡಿದ ಕರಾರು ಅವರಿಗೆ ಬಾರದ ಭಾಷೆಯಲ್ಲಿತ್ತು. ಸಿ.ಬಿ.ಐ. ಆ ಮಾರ್ಚಿನಲ್ಲಿ ಏಜೆಂಟರ ಮೇಲೆ ಮೊಕದ್ದಮೆ ಹೂಡಿತು. ಕಲಬುರಗಿಯ ತರುಣರು ಸೆಪ್ಟೆಂಬರಿನಲ್ಲಿ ಮನೆಗೆ ಬಂದರು. ಹೈದರಾಬಾದಿನ, ಗುಜರಾತಿನ ತರುಣರಲ್ಲಿ ಹಿಂದಿರುಗದೆ ಹೋದವರೂ ಇದ್ದಾರೆ. ಪಾಲಕರು ಈ ಸುದ್ದಿಯನ್ನು ಮನೆಯಲ್ಲಿ ಮಕ್ಕಳೊಡನೆ ಮಾತಾಡಿದರೆ ಒಳ್ಳೆಯದು.

ಗಾಯಗೊಂಡ ಇಬ್ರಾಹಿಂಖಾನನು ಸೆರೆಯಾಗಿ ಶುಜಾಉದ್ದೌಲನ ಬಿಡಾರವನ್ನು ಸೇರಿದನು. ಶುಜಾ ಅವನನ್ನು ಬಚ್ಚಿಟ್ಟು ಉಳಿಸಲು ನೋಡಿದನು. ಆದರೆ ತಮ್ಮವರನ್ನು ಅಷ್ಟು ಸಂಖ್ಯೆಯಲ್ಲಿ ಕೊಂದವನು ಬದುಕಿರುವುದು ಅಫಘಾನರಿಗೂ ರೋಹಿಲರಿಗೂ ಸೇರಲಿಲ್ಲ. ಅವರು ಗದ್ದಲವೆಬ್ಬಿಸಲು, ಅವನನ್ನು ಅಬ್ದಾಲಿಯ ವಜೀರ ಶಾಹವಲಿಖಾನನ ವಶಕ್ಕೆ ಕೊಡಬೇಕಾಯಿತು. ಒಂದು ವಾರದೊಳಗೆ ಅಲ್ಲಿಯೇ ಸತ್ತನು. ಗಾಯಗಳಿಗೆ ವಿಷ ಹಚ್ಚಿದರೆಂದು ಕಾಶೀರಾಜನು ಬರೆಯುತ್ತಾನೆ.

ಭಾವೂ ಬೀಳುವುದು ಬಿದ್ದನು; ಪೇಶವೆ ಬಾಳಾಜಿ ಬಾಜಿರಾಯನು ಆ ಕೊರಗಿನಲ್ಲಿ ಜೂನ್ 23ರಂದು ಪುಣೆಯಲ್ಲಿ ತೀರಿಕೊಂಡನು. ಅದೇ ವರ್ಷದ ಕೊನೆಗೆ ನಿಜಾಮಲಿಯು ಪುಣೆಯ ಮೇಲೆ ನಡೆದುಬಂದು, ಉದಗೀರದಲ್ಲಿ ಕಳೆದುಕೊಂಡ ಸೀಮೆಯ ಒಂದು ಭಾಗವನ್ನು ಮರಳಿ ಪಡೆದನು. ಗಾರದಿಗಳ ಚಾಕರಿ ಪುಣೆಯಲ್ಲಿ ಮುಂದೆಯೂ ನಡೆಯಿತು. 1773ರ ಆಗಸ್ಟ್ 30ರಂದು ಪಗಾರದ ಬಾಕಿ ಕೇಳುವ ನೆವದಿಂದ ಶನಿವಾರವಾಡೆಯೊಳಗೆ ನುಗ್ಗಿ, ಹದಿನೆಂಟು ವರ್ಷದ ಪೇಶವೆ ನಾರಾಯಣರಾಯನನ್ನು ಕಡಿದುಹಾಕಿದವರು ಸುಮೇರಸಿಂಗನೆಂಬ ಗಾರದಿಯೂ ಅವನ ಜೊತೆಗಾರರೂ. ಮರಾಠಿಯಲ್ಲಿ ಗಾರದಿ ಎಂಬ ಶಬ್ದವನ್ನು ಕೇಳಿದವರಿಗೆ ಮೊದಲು ನೆನಪಾಗುವುದು ಆ ದಿನದ ಹಂತಕರೇ ಹೊರತು ಪಾನಿಪತದಲ್ಲಿ ಬಿದ್ದ ಆರು ಪಲಟಣಗಳಲ್ಲ.